ಅನಿಲ ಚಾಲಿತ ಏರ್‌ಸಾಫ್ಟ್ ಬಂದೂಕು: ನಿರ್ವಹಣೆ, ದುರಸ್ತಿ, ಮಾರಾಟ – ಜಪಾನಿನ ವಹಿವಾಟಿನಿಂದ ಒಂದು ಪಾಠ

ಸರಕು ಅಂಗಡಿಯ ಹೊಸ್ತಿಲು ದಾಟಿದೊಡನೆ ವರ್ತಕನ ಹೊಣೆ ಮುಗಿಯಿತೆಂಬ ಭಾವನೆ ನಮ್ಮ ವ್ಯಾಪಾರಿ ವಲಯದಲ್ಲಿ ಇಂದಿಗೂ ಬಲವಾಗಿದೆ. ಆದರೆ ಕೆಲವು ಸರಕುಗಳ ವಿಷಯದಲ್ಲಿ ನಿಜವಾದ ಹೊಣೆ ಆರಂಭವಾಗುವುದೇ ಮಾರಾಟದ ಮರುದಿನದಿಂದ. ಜಪಾನಿನಲ್ಲಿ ಬೆಳೆದು ಅನೇಕ ದೇಶಗಳಿಗೆ ಹರಡಿದ ಅನಿಲ ಚಾಲಿತ ಏರ್‌ಸಾಫ್ಟ್ ಬಂದೂಕು ಅಂಥದೊಂದು ಸರಕು. 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಈ ಕ್ರೀಡಾ ಸಾಧನವು ನಮ್ಮ ಮಾರುಕಟ್ಟೆಗೆ ಅಪರಿಚಿತವಾದರೂ, ಅದರ ಕತೆಯಲ್ಲಿ ಸಣ್ಣ ಉತ್ಪಾದಕನೂ ದುರಸ್ತಿಗಾರನೂ ಕಲಿಯಬೇಕಾದ ಪಾಠವಿದೆ. ಇಲ್ಲಿ ಕಾನೂನು ಕಚ್ಚಾವಸ್ತುವನ್ನು ನಿರ್ಧರಿಸಿತು. ಕಚ್ಚಾವಸ್ತು ಅನಿಲವನ್ನು ನಿರ್ಧರಿಸಿತು. ಅನಿಲವು ದುರಸ್ತಿಯ ವಿಧಾನವನ್ನು ನಿರ್ಧರಿಸಿತು. ಈ ಸರಪಳಿಯ ಒಂದು ಕೊಂಡಿಯನ್ನು ಮರೆತ ವರ್ತಕನು ತನ್ನ ಗಿರಾಕಿಯನ್ನು ಅಪರಾಧಿಯನ್ನಾಗಿ ಮಾಡಬಲ್ಲನು.

ಕಾನೂನಿನಿಂದ ಹುಟ್ಟಿದ ಸ್ವರೂಪ

ಜಪಾನಿನಲ್ಲಿ 1958ರ ಬಂದೂಕು ಮತ್ತು ಖಡ್ಗ ನಿಯಂತ್ರಣ ಕಾಯಿದೆಯು ಸಾಮಾನ್ಯ ನಾಗರಿಕನು ಪಿಸ್ತೂಲು ಹೊಂದುವುದನ್ನು ನಿಷೇಧಿಸಿದೆ. ಆದ್ದರಿಂದ ಹವ್ಯಾಸಿಗಳಲ್ಲಿ ಮಾದರಿ ಬಂದೂಕುಗಳಿಗೆ ಬೇಡಿಕೆ ಹುಟ್ಟಿತು. 1971ರ ತಿದ್ದುಪಡಿಯ ಪ್ರಕಾರ ಲೋಹದ ಪಿಸ್ತೂಲು ಮಾದರಿಗಳ ನಳಿಗೆಯನ್ನು ಮುಚ್ಚಿ, ಅವುಗಳಿಗೆ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕಾಯಿತು. 1977ರಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. ಉತ್ಪಾದಕರು ಲೋಹವನ್ನು ಬಿಟ್ಟು ಎಬಿಎಸ್ ಮೊದಲಾದ ಪ್ಲಾಸ್ಟಿಕ್‌ಗಳ ಕಡೆಗೆ ಹೊರಳಿದರು. ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು ಜನಪ್ರಿಯವಾದದ್ದು ಈ ಹಿನ್ನೆಲೆಯಲ್ಲಿಯೇ.

ಪ್ಲಾಸ್ಟಿಕ್ ಹೊರಕವಚವು ಹೆಚ್ಚಿನ ಒತ್ತಡದ ಹೊಡೆತವನ್ನು ತಾಳಲಾರದು. ಆದ್ದರಿಂದ ಕಡಮೆ ಒತ್ತಡದ, ಬೆಂಕಿ ಹೊತ್ತಿಕೊಳ್ಳದ ಅನಿಲ ಬೇಕಾಯಿತು. ಆರಂಭದಲ್ಲಿ ಶೀತಲೀಕರಣ ಯಂತ್ರಗಳ ಸಿಎಫ್‌ಸಿ-12 ಅನಿಲವು ಬಳಕೆಯಲ್ಲಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಮುಂದುವರಿದ ದೇಶಗಳಲ್ಲಿ ಅದರ ಉತ್ಪಾದನೆ 1995ರ ಅಂತ್ಯಕ್ಕೆ ನಿಂತಿತು. ಆ ಸ್ಥಾನಕ್ಕೆ ಹೆಚ್‌ಎಫ್‌ಸಿ-134ಎ ಬಂದಿತು.

ಒಂದು ಜೌಲಿನ ಗೆರೆ

2005ರಲ್ಲಿ ಜಪಾನಿನ ಹೆದ್ದಾರಿಗಳಲ್ಲಿ, ಶಕ್ತಿ ಹೆಚ್ಚಿಸಿದ ಬಂದೂಕುಗಳಿಂದ ಓಡುವ ವಾಹನಗಳ ಮೇಲೆ ಗುಂಡು ಹಾರಿಸಿದ ಘಟನೆಗಳು ನಡೆದವು. ಮರುವರ್ಷವೇ ಕಾಯಿದೆಗೆ ತಿದ್ದುಪಡಿಯಾಯಿತು. ಅದು 2006ರ ಆಗಸ್ಟ್ 21ರಂದು ಜಾರಿಗೆ ಬಂದಿತು. ಅದರಂತೆ ಗುಂಡಿನ ಚಲನಶಕ್ತಿಯು ಅದರ ಅಡ್ಡಕೊಯ್ತದ ಪ್ರತಿ ಚದರ ಸೆಂಟಿಮೀಟರಿಗೆ 3.5 ಜೌಲ್ ತಲಪಿದರೆ ಆ ಸಾಧನವು ಆಟದ ವಸ್ತುವಲ್ಲ. ಅದನ್ನು ಹೊಂದಿರುವುದೇ ಅಪರಾಧ. ಇದ್ದುದನ್ನು ಸರಿಪಡಿಸಿಕೊಳ್ಳಲು ಅಥವಾ ವಿಲೇವಾರಿ ಮಾಡಲು 2007ರ ಫೆಬ್ರವರಿ 20ರವರೆಗೆ, ಅಂದರೆ ಆರು ತಿಂಗಳ ಕಾಲಾವಕಾಶ ದೊರೆಯಿತು.

ಓದುಗರು ಈ ಲೆಕ್ಕವನ್ನು ಸ್ವತಃ ಮಾಡಿ ನೋಡುವುದು ಲೇಸು. 6 ಮಿಲಿಮೀಟರ್ ಗುಂಡಿನ ಅಡ್ಡಕೊಯ್ತ ಸುಮಾರು 0.283 ಚದರ ಸೆಂಟಿಮೀಟರ್. ಇದನ್ನು 3.5ರಿಂದ ಗುಣಿಸಿದರೆ 0.989 ಜೌಲ್. ಗುಂಡಿನ ತೂಕ 0.20 ಗ್ರಾಂ ಆದರೆ ಸೆಕೆಂಡಿಗೆ ಸುಮಾರು 99 ಮೀಟರ್ ವೇಗದಲ್ಲಿ ಈ ಮಿತಿ ಬರುತ್ತದೆ. ಸೆಕೆಂಡಿಗೆ 95 ಮೀಟರ್ ವೇಗವಿದ್ದಾಗ ಶಕ್ತಿ 0.90 ಜೌಲ್, 105 ಮೀಟರ್ ಆದರೆ 1.10 ಜೌಲ್. ಕೇವಲ ಹತ್ತು ಮೀಟರ್ ವೇಗದ ಅಂತರದಲ್ಲಿ ಕಾನೂನುಬದ್ಧ ಸರಕು ಕಾನೂನುಬಾಹಿರವಾಗುತ್ತದೆ. ಒಂದು ಗಟ್ಟಿ ಸ್ಪ್ರಿಂಗು, ಒಂದು ಉದ್ದ ನಳಿಗೆ ಅಥವಾ ಬೇರೊಂದು ಅನಿಲವು ಈ ಅಂತರವನ್ನು ದಾಟಿಸಲು ಸಾಕು. ದುರಸ್ತಿಗಾರನ ಕೈಯಲ್ಲಿ ಎಷ್ಟು ದೊಡ್ಡ ಹೊಣೆಯಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಅನಿಲದ ಗುಣವನ್ನು ಅರಿಯಬೇಕು

ಈ ಬಂದೂಕಿನ ಮ್ಯಾಗಜೀನಿನಲ್ಲಿ ಗುಂಡುಗಳ ಜೊತೆಗೆ ದ್ರವರೂಪದ ಅನಿಲವೂ ಇರುತ್ತದೆ. ಕುದುರೆ ಎಳೆದಾಗ ಬಡಿಗೆಯು ವಾಲ್ವನ್ನು ತಟ್ಟುತ್ತದೆ; ಹೊರನುಗ್ಗಿದ ಆವಿಯು ಮೊದಲು ಗುಂಡನ್ನು ತಳ್ಳಿ, ಅನಂತರ ಸ್ಲೈಡನ್ನು ಹಿಂದಕ್ಕೆ ದೂಡಿ ಮುಂದಿನ ಗುಂಡಿಗೆ ಎಡೆಮಾಡಿಕೊಡುತ್ತದೆ. ಈ ಕ್ರಿಯೆಗೆ ಬೇಕಾದ ಬಲವೆಲ್ಲ ಆವಿಯ ಒತ್ತಡದಿಂದ ಬರುತ್ತದೆ. ಆ ಒತ್ತಡವಾದರೋ ಉಷ್ಣತೆಯನ್ನು ಅವಲಂಬಿಸಿದೆ.

ಹೆಚ್‌ಎಫ್‌ಸಿ-134ಎ ಅನಿಲದ ನಿರಪೇಕ್ಷ ಒತ್ತಡವು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.9 ಬಾರ್, 20 ಡಿಗ್ರಿಯಲ್ಲಿ 5.7 ಬಾರ್, 30 ಡಿಗ್ರಿಯಲ್ಲಿ 7.7 ಬಾರ್. ಚಳಿಗಾಲದಲ್ಲಿ ಅಂಗಡಿಗೆ ಮರಳುವ ‘ಕೆಟ್ಟುಹೋದ’ ಬಂದೂಕುಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ. ಅವುಗಳಿಗೆ ಚಳಿಯಾಗಿರುತ್ತದೆ, ಅಷ್ಟೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧ. ಚಳಿಯಲ್ಲಿ ಪರೀಕ್ಷಿಸಿ ಮಿತಿಯ ಅಂಚಿಗೆ ಹೊಂದಿಸಿದ ಬಂದೂಕು ಬೇಸಿಗೆಯಲ್ಲಿ ಮಿತಿಯನ್ನು ಮೀರುತ್ತದೆ. ಸತತವಾಗಿ ಹಾರಿಸಿದರೂ ಮ್ಯಾಗಜೀನು ತಣ್ಣಗಾಗುತ್ತದೆ. ದ್ರವವು ಆವಿಯಾಗುವಾಗ ಗುಪ್ತೋಷ್ಣವನ್ನು ಲೋಹದಿಂದಲೇ ಹೀರಿಕೊಳ್ಳುವುದು ಇದಕ್ಕೆ ಕಾರಣ. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬಹುದೇ ಹೊರತು ಒಲೆಯ ಬಳಿ, ಬಿಸಿನೀರಿನಲ್ಲಿ ಇಡಕೂಡದು. ಅನಿಲದ ಡಬ್ಬಿಯನ್ನು 40 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಲಾಗದು.

ಹೊರದೇಶಗಳಲ್ಲಿ ‘ಗ್ರೀನ್ ಗ್ಯಾಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 8.4 ಬಾರ್, ಅಂದರೆ 134ಎಗಿಂತ ಸುಮಾರು ಒಂದೂವರೆ ಪಟ್ಟು. ಮೇಲಾಗಿ ಅದು ಬೆಂಕಿ ಹೊತ್ತಿಕೊಳ್ಳುವ ಅನಿಲ. ಇಂಗಾಲದ ಡೈಆಕ್ಸೈಡಿನ ಒತ್ತಡ ಸುಮಾರು 57 ಬಾರ್, ಹತ್ತು ಪಟ್ಟು. ಜಪಾನಿನ ಪ್ಲಾಸ್ಟಿಕ್ ಸ್ಲೈಡಿಗೆ ಗ್ರೀನ್ ಗ್ಯಾಸ್ ತುಂಬಿದರೆ ಅದು ಕ್ರಮೇಣ ಬಿರುಕು ಬಿಡುತ್ತದೆ. ಇಂಗಾಲದ ಡೈಆಕ್ಸೈಡನ್ನು ಅದಕ್ಕೆಂದೇ ರೂಪಿಸದ ಬಂದೂಕಿನಲ್ಲಿ ಎಂದಿಗೂ ಬಳಸಬಾರದು. ಬಂದೂಕು ಮಾರುವಾಗ ಯಾವ ಅನಿಲವೆಂಬುದನ್ನು ರಸೀದಿಯಲ್ಲಿಯೇ ಬರೆಯುವ ಪದ್ಧತಿ ಒಳ್ಳೆಯದು. ಮುಂದೆ ತಕರಾರು ಬಂದಾಗ ಅದೇ ವರ್ತಕನ ರಕ್ಷಣೆ.

ದುರಸ್ತಿಯ ಕ್ರಮ

ಅನಿಲ ಸೋರುವುದು ಈ ಬಂದೂಕಿನ ಮುಖ್ಯ ರೋಗ. ಕೆಲವೇ ರೂಪಾಯಿ ಬೆಲೆಯ ರಬ್ಬರ್ ಉಂಗುರವೇ ಅನೇಕ ವೇಳೆ ಇದಕ್ಕೆ ಕಾರಣ. ಆದ್ದರಿಂದ ದುರಸ್ತಿಗಾರನು ಈ ಕೆಳಗಿನ ಕ್ರಮವನ್ನು ಅನುಸರಿಸಬೇಕು.

1. ಮೊದಲು ಕಣ್ಣಿಗೆ ರಕ್ಷಣಾ ಕನ್ನಡಕ. ಬಳಿಕ ಮ್ಯಾಗಜೀನನ್ನು ತೆಗೆದು, ನಳಿಗೆಯಲ್ಲಿ ಗುಂಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

2. ಮ್ಯಾಗಜೀನಿಗೆ ಸ್ವಲ್ಪ ಅನಿಲ ತುಂಬಿ, ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಬೇಕು. ಗುಳ್ಳೆ ತಳದ ತುಂಬುವ ವಾಲ್ವಿನಿಂದ ಬರುತ್ತಿದೆಯೇ, ಹಿಂಬದಿಯ ಬಿಡುಗಡೆ ವಾಲ್ವಿನಿಂದಲೇ, ತಳದ ಮುಚ್ಚಳದ ಗ್ಯಾಸ್ಕೆಟ್ಟಿನಿಂದಲೇ ಎಂದು ಗುರುತಿಸಿಕೊಳ್ಳಬೇಕು. ಕಾರಣ ಕಾಣದೆ ಬಿಚ್ಚುವುದು ಹೊಸ ಸೋರಿಕೆಗೆ ದಾರಿ.

3. ಅನಿಲವನ್ನು ಪೂರ್ತಿ ಹೊರಬಿಟ್ಟ ನಂತರವೇ ವಾಲ್ವನ್ನು ತಕ್ಕ ಕೀಲಿಯಿಂದ ಬಿಚ್ಚಬೇಕು. ಗಾಳಿಯಾಡುವ ಕೋಣೆಯಲ್ಲಿ, ಬೆಂಕಿಯಿಂದ ದೂರ ಈ ಕೆಲಸ ನಡೆಯಬೇಕು. ಹೊರಬರುವ ದ್ರವವು ಚರ್ಮಕ್ಕೆ ತಗಲಿದರೆ ಶೀತದಿಂದ ಗಾಯವಾಗುತ್ತದೆ.

4. ಹಳೆಯ ಉಂಗುರವನ್ನು ಅದೇ ಅಳತೆಯ, ಅದೇ ಜಾತಿಯ ರಬ್ಬರಿನಿಂದ ಬದಲಿಸಿ, ತೆಳುವಾಗಿ ಸಿಲಿಕೋನ್ ಎಣ್ಣೆ ಸವರಬೇಕು. ತುಕ್ಕು ಬಿಡಿಸುವ ಪೆಟ್ರೋಲಿಯಂ ದ್ರಾವಕಗಳು ಪ್ಲಾಸ್ಟಿಕ್ಕನ್ನೂ ಕೆಲವು ರಬ್ಬರುಗಳನ್ನೂ ಹಾಳುಮಾಡುತ್ತವೆ.

5. ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ‘ಹಾಪ್-ಅಪ್’ ರಬ್ಬರಿಗೆ ಮಾತ್ರ ಎಣ್ಣೆ ತಾಗಬಾರದು. ಅದರ ಕೆಲಸ ನಡೆಯುವುದೇ ಘರ್ಷಣೆಯಿಂದ. ಎಣ್ಣೆ ಬಿದ್ದರೆ ಗುರಿ ಚದರುತ್ತದೆ. ನಳಿಗೆಯನ್ನು ಒಣಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿದರೆ ಸಾಕು.

6. ಕೊನೆಯದಾಗಿ ವೇಗಮಾಪಕದ ಮುಂದೆ ಹತ್ತು ಗುಂಡು ಹಾರಿಸಿ, ಅತ್ಯಧಿಕ ವೇಗ, ಗುಂಡಿನ ತೂಕ, ಅನಿಲದ ಹೆಸರು ಮತ್ತು ಕೋಣೆಯ ಉಷ್ಣತೆಯನ್ನು ಪುಸ್ತಕದಲ್ಲಿ ಬರೆಯಬೇಕು. ಅನಿಲ ಬಂದೂಕುಗಳಲ್ಲಿ ಭಾರದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ನಿಂತು ಹೆಚ್ಚು ಶಕ್ತಿ ಪಡೆಯುವುದುಂಟು. ಆದುದರಿಂದ ಹಗುರ ಗುಂಡಿನಿಂದ ಮಾತ್ರ ಪರೀಕ್ಷಿಸಿ ತೃಪ್ತರಾಗಬಾರದು.

ಗಿರಾಕಿಗೆ ಹೇಳಬೇಕಾದ ಮಾತು ಇನ್ನೊಂದಿದೆ. ಮ್ಯಾಗಜೀನನ್ನು ಪೂರ್ತಿ ಬರಿದು ಮಾಡಿ ತಿಂಗಳುಗಟ್ಟಲೆ ಇಡದೆ, ಸ್ವಲ್ಪ ಅನಿಲವನ್ನು ಉಳಿಸಿಡುವುದು ರೂಢಿಯಲ್ಲಿದೆ; ಆ ಒತ್ತಡದಿಂದ ರಬ್ಬರು ತನ್ನ ಸ್ಥಾನದಲ್ಲಿ ಕುಳಿತಿರುತ್ತದೆ.

ಮಾರಾಟದ ನೀತಿ

ಜಪಾನಿನಲ್ಲಿ ಈ ಸರಕು ಎರಡು ದರ್ಜೆಗಳಲ್ಲಿ ಮಾರಾಟವಾಗುತ್ತದೆ: 18 ವರ್ಷ ದಾಟಿದವರಿಗೆ ಮೇಲೆ ಹೇಳಿದ ಮಿತಿಯೊಳಗಿನದು, 10 ವರ್ಷ ದಾಟಿದವರಿಗೆ 0.135 ಜೌಲ್ ಮೀರದ ದುರ್ಬಲ ಮಾದರಿ. ಪ್ರತಿ ದೇಶದ ಗೆರೆಯೂ ಬೇರೆ ಬೇರೆ. ಹಾಂಗ್‌ಕಾಂಗಿನಲ್ಲಿ ಮಿತಿ 2 ಜೌಲ್. ಬ್ರಿಟನ್ನಿನ 2017ರ ಕಾಯಿದೆಯಂತೆ ಸತತವಾಗಿ ಹಾರುವ ಬಂದೂಕಿಗೆ 1.3 ಜೌಲ್, ಒಂದೊಂದಾಗಿ ಹಾರುವುದಕ್ಕೆ 2.5 ಜೌಲ್. ಒಂದು ಮಾರುಕಟ್ಟೆಗೆಂದು ತಯಾರಿಸಿದ ಬಿಡಿಭಾಗ ಇನ್ನೊಂದರಲ್ಲಿ ಅಪರಾಧಕ್ಕೆ ಸಾಧನವಾಗಬಹುದು. ಹಾಂಗ್‌ಕಾಂಗಿನ ಮಿತಿಗೆ ತಕ್ಕ ಸ್ಪ್ರಿಂಗನ್ನು ಟೋಕಿಯೋದ ಗಿರಾಕಿಯ ಬಂದೂಕಿಗೆ ಹಾಕಿಕೊಟ್ಟ ದುರಸ್ತಿಗಾರನು ಅವನಿಗೆ ಉಪಕಾರ ಮಾಡಿದಂತಾಗಲಿಲ್ಲ.

ಲಾಭದ ದೃಷ್ಟಿಯಿಂದ ನೋಡಿದರೂ ಬಂದೂಕು ಒಮ್ಮೆ ಮಾರಾಟವಾಗುವ ಸರಕು. ಅನಿಲ, ಗುಂಡು, ರಬ್ಬರ್ ಉಂಗುರ, ವಾಲ್ವು ಇವು ಮತ್ತೆ ಮತ್ತೆ ಮಾರಾಟವಾಗುವಂಥವು. ದುರಸ್ತಿಯ ಮೇಜು ಇರುವ ಅಂಗಡಿಗೆ ಗಿರಾಕಿ ಮರಳಿ ಬರುತ್ತಾನೆ. ಚಳಿಗಾಲದಲ್ಲಿ ಅನಿಲ ಬಂದೂಕಿನ ಬೇಡಿಕೆ ಇಳಿಯುವುದರಿಂದ ವಿದ್ಯುತ್ ಚಾಲಿತ ಮಾದರಿಗಳನ್ನೂ ಇಡುವುದು ವಾಡಿಕೆ. ಟೋಕಿಯೋ ಮಾರುಯಿ ಸಂಸ್ಥೆಯು 1991ರಲ್ಲಿ ಅಂತಹ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಈ ಜೋಡಿ ವಹಿವಾಟು ನೆಲೆಗೊಂಡಿತು.

ಮುಂದಿನ ತಿರುವು

134ಎ ಅನಿಲವು ಓಝೋನ್ ಪದರಕ್ಕೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಆದ ಒಪ್ಪಂದದ ತಿದ್ದುಪಡಿ 2019ರ ಜನವರಿ 1ರಿಂದ ಜಾರಿಯಲ್ಲಿದ್ದು, ಇಂತಹ ಅನಿಲಗಳ ಬಳಕೆ ಹಂತಹಂತವಾಗಿ ಇಳಿಯಬೇಕಾಗಿದೆ. ಹೆಚ್‌ಎಫ್‌ಓ-1234ಝಡ್‌ಇ ಎಂಬ ಬದಲಿ ಅನಿಲ ಈಗಾಗಲೇ ಜಪಾನಿನ ಅಂಗಡಿಗಳಿಗೆ ಬಂದಿದೆ. ಆದರೆ 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 4.3 ಬಾರ್ ಮಾತ್ರ. ಹಳೆಯ ಅನಿಲಕ್ಕೆ ಹೊಂದಿಸಿದ ಸ್ಲೈಡು ಇದರಿಂದ ಮಂದವಾಗಿ ಚಲಿಸುತ್ತದೆ. ಒತ್ತಡ ಸಾಲದೆಂದು ವಾಲ್ವನ್ನು ಅಗಲಿಸಿ, ಮರುದಿನ ಗಿರಾಕಿ ಹಳೆಯ ಅನಿಲವನ್ನೇ ತುಂಬಿದರೆ ಏನಾಗಬಹುದೆಂಬುದನ್ನು ಓದುಗರು ಊಹಿಸಬಹುದು.

ನಮ್ಮ ವರ್ತಕರು ಗಮನಿಸಬೇಕಾದುದು

ಭಾರತದಲ್ಲಿ ವಾಯುಬಂದೂಕುಗಳಿಗೂ 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಸಂಬಂಧಿಸುತ್ತವೆ. ಆದುದರಿಂದ ಆಟಿಕೆಯೆಂದು ಭಾವಿಸಿ ಒಂದನ್ನಾದರೂ ಹೊರದೇಶದಿಂದ ತರಿಸುವ ಮುನ್ನ ಪರವಾನಗಿ ಪ್ರಾಧಿಕಾರದಿಂದಲೂ ಸುಂಕ ಇಲಾಖೆಯಿಂದಲೂ ಲಿಖಿತ ಸ್ಪಷ್ಟನೆ ಪಡೆಯುವುದು ಅವಶ್ಯ. ಮಾರುವವನ ಬಾಯಿಮಾತು ಇಲ್ಲಿ ಆಧಾರವಾಗಲಾರದು.

ಬಂದೂಕನ್ನು ಬದಿಗಿಟ್ಟರೂ ಪಾಠ ಉಳಿಯುತ್ತದೆ. ರಬ್ಬರ್ ಉಂಗುರ, ಸ್ಪ್ರಿಂಗು, ವಾಲ್ವು, ಗಾಳಿಯೊತ್ತಡದ ಉಪಕರಣ ತಯಾರಿಸುವ ನಮ್ಮ ಸಣ್ಣ ಘಟಕಗಳು ತಾವು ಮಾಡಿದ ಭಾಗ ಯಾವ ಒತ್ತಡಕ್ಕೆ, ಯಾವ ಉಷ್ಣತೆಗೆ, ಯಾವ ಕಾನೂನಿನ ಗೆರೆಗೆ ಒಳಪಟ್ಟಿದೆಯೆಂಬುದನ್ನು ಸರಕಿನ ಜೊತೆಗೇ ಬರೆದು ಕಳುಹಿಸಬೇಕು. 2006ರ ಆಗಸ್ಟಿನಲ್ಲಿ ಜಪಾನಿನ ವರ್ತಕರ ಮುಂದೆ ನಿಂತ ಪ್ರಶ್ನೆ ಒಂದೇ: ನಿಮ್ಮ ದಾಸ್ತಾನಿನ ಶಕ್ತಿ ಎಷ್ಟು? ಅಳೆದು ಬರೆದಿಟ್ಟವನ ಬಳಿ ಉತ್ತರ ಸಿದ್ಧವಿರುತ್ತದೆ; ಅಳೆಯದವನಿಗೆ ಆರು ತಿಂಗಳು ಬಹಳ ಕಡಮೆಯ ಅವಧಿ. ಅಳತೆಯ ಪುಸ್ತಕವನ್ನು ಲೆಕ್ಕದ ಪುಸ್ತಕದಷ್ಟೇ ಶ್ರದ್ಧೆಯಿಂದ ಇಡುವ ಅಭ್ಯಾಸ ನಮ್ಮ ಪ್ರತಿಯೊಂದು ಘಟಕದಲ್ಲಿಯೂ ಬೇರೂರಲಿ.