ಮನೆಯ ಉಪ್ಪಿನ ಲೆಕ್ಕ

ವಡಪಳನಿ, ಚೆನ್ನೈ

ಚಿ. ಸೌ. ಮಗಳಿಗೆ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು.

ಅಳಿಯಂದಿರ ಕಚೇರಿಯವರು ನಡೆಸಿದ ವೈದ್ಯಪರೀಕ್ಷೆಯಲ್ಲಿ ಅವರ ರಕ್ತದೊತ್ತಡವು 138ಕ್ಕೆ 88 ಎಂದು ಕಂಡುಬಂದಂದಿನಿಂದ ನೀನು ಅವರ ಪಾಲಿನ ಸಾರು, ಪಲ್ಯಗಳನ್ನು ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದೆ ಬೇಯಿಸುತ್ತಿರುವೆಯೆಂದೂ, ಅವರು ನಾಲ್ಕು ತುತ್ತು ಉಂಡು ಮಾತಿಲ್ಲದೆ ಎದ್ದುಬಿಡುವರೆಂದೂ, ಆರೋಗ್ಯಕ್ಕೆ ದಿನವೊಂದಕ್ಕೆ ಎಷ್ಟು ಉಪ್ಪು ಸಾಕೆಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದೂ ನೀನು ಬೆಂಗಳೂರಿನಿಂದ ಬರೆದ ಕಾಗದ ತಲುಪಿತು. ಇದೇ ಪ್ರಶ್ನೆಯನ್ನು ನಿನ್ನ ವಯಸ್ಸಿನ ಇನ್ನೂ ಅನೇಕರು ಕೇಳುತ್ತಿರುವುದರಿಂದ, ನಿನಗೆ ಬರೆಯುವ ಉತ್ತರವನ್ನು ಅವರೂ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮೊದಲು ಆ ಬೇರೆ ಪಾತ್ರೆಯನ್ನು ಒಲೆಯಿಂದ ಇಳಿಸು. ಒಂದೇ ಮನೆಯಲ್ಲಿ ಒಬ್ಬರನ್ನು ರೋಗಿಯೆಂದು ಬೇರ್ಪಡಿಸಿ ಅವರ ತಟ್ಟೆಯನ್ನು ಮಾತ್ರ ಸಪ್ಪೆ ಮಾಡುವ ಪದ್ಧತಿ ಬಹಳ ದಿನ ನಡೆಯತಕ್ಕದ್ದೂ ಅಲ್ಲ, ನ್ಯಾಯವಾದದ್ದೂ ಅಲ್ಲ. ಮನೆಮಂದಿಯೆಲ್ಲರ ಉಪ್ಪನ್ನೂ ಒಟ್ಟಿಗೆ, ಲೆಕ್ಕವಿಟ್ಟುಕೊಂಡು, ಮೆಲ್ಲಮೆಲ್ಲನೆ ಇಳಿಸುವುದೇ ಸರಿಯಾದ ಮಾರ್ಗವೆಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು ನೀನು ಕೇಳಿದ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಸೂಚನೆಯಂತೆ ವಯಸ್ಕರು ದಿನಕ್ಕೆ ಸೇವಿಸಬೇಕಾದ ಸೋಡಿಯಂ 2 ಗ್ರಾಂಗಿಂತ ಕಡಿಮೆಯಿರಬೇಕು. ಉಪ್ಪಿನ ತೂಕದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಸೋಡಿಯಂ ಆದುದರಿಂದ, ಅದು 5 ಗ್ರಾಂ ಉಪ್ಪಿಗೆ ಸಮ. ಪುಡಿ ಉಪ್ಪನ್ನು ಚಹಾದ ಚಮಚದಲ್ಲಿ ತುಂಬಿ ಅಂಚಿನ ಮಟ್ಟಕ್ಕೆ ಸವರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮಕ್ಕಳಿಗೆ ಅವರ ಆಹಾರದ ಪ್ರಮಾಣಕ್ಕೆ ತಕ್ಕಂತೆ ಇನ್ನೂ ಕಡಿಮೆ. ಈ ಚಮಚವೆಂಬುದು ಸಾರಿಗೆ ಹಾಕುವ ಉಪ್ಪಿಗಷ್ಟೇ ಮೀಸಲಾದುದೆಂದು ತಿಳಿಯಬೇಡ. ಬೆಳಗ್ಗೆ ಚಟ್ನಿಯಲ್ಲಿ, ಮಧ್ಯಾಹ್ನ ಹಪ್ಪಳ ಉಪ್ಪಿನಕಾಯಿಗಳಲ್ಲಿ, ಸಂಜೆ ಕೊಂಡು ತಂದ ಕೋಡುಬಳೆ ಚಕ್ಕುಲಿಗಳಲ್ಲಿ, ರಾತ್ರಿ ಮಜ್ಜಿಗೆಯಲ್ಲಿ ಹೊಟ್ಟೆಗೆ ಇಳಿಯುವುದೆಲ್ಲವೂ ಆ ಒಂದೇ ಚಮಚದೊಳಗೆ ಅಡಗಬೇಕು. ನಿಮ್ಮ ಬೆಂಗಳೂರಿನಲ್ಲಿಯೇ ಇರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ರೋಗಮಾಹಿತಿ ಕೇಂದ್ರದವರು ದೇಶದ ನಾನಾ ಭಾಗಗಳ ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನಮ್ಮ ಜನ ಸರಾಸರಿ ದಿನಕ್ಕೆ 8 ಗ್ರಾಂನಷ್ಟು ಉಪ್ಪು ತಿನ್ನುತ್ತಾರೆ, ಸ್ತ್ರೀಯರಿಗಿಂತ ಪುರುಷರು ಹೆಚ್ಚು.

ಗ್ರಾಂಗಳ ಈ ಮಾತು ಅಡುಗೆಮನೆಯಲ್ಲಿ ಕೈಗೆ ಸಿಕ್ಕುವಂತಹುದಲ್ಲವೆಂದು ನೀನು ಹೇಳಬಹುದು. ಅದಕ್ಕೆ ನಾನು ಅನುಸರಿಸುವ ಒಂದು ಸುಲಭವಾದ ಲೆಕ್ಕವನ್ನು ಹೇಳುತ್ತೇನೆ, ಕೇಳು. ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ಒಡೆದು ಜಾಡಿಗೆ ಸುರಿದ ದಿನ, ಆ ತಾರೀಖನ್ನು ಜಾಡಿಯ ಮೇಲೆ ಬರೆದು ಅಂಟಿಸು. ನಿಮ್ಮ ಮನೆಯಲ್ಲಿ ಅತ್ತೆ, ಮಾವ, ನೀವಿಬ್ಬರು, ಒಟ್ಟು ನಾಲ್ವರು. ತಲೆಗೆ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ. ಹಾಗಾದರೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಅದು 30 ದಿನಕ್ಕೇ ಮುಗಿಯುವುದಾದರೆ ತಲೆಗೆ 8 ಗ್ರಾಂ ಮೀರಿತೆಂದಾಯಿತು. ದೃಷ್ಟಿ ತೆಗೆಯಲು ಹಿಡಿದ ಉಪ್ಪನ್ನೂ, ಸೊಪ್ಪು ತೊಳೆಯುವ ನೀರಿಗೆ ಹಾಕಿದ್ದನ್ನೂ ಕಳೆ. ಆದರೆ ವರ್ಷಕ್ಕೊಮ್ಮೆ ಉಪ್ಪಿನಕಾಯಿಗೆಂದು ಬೇರೆ ತರಿಸುವ ಕಲ್ಲುಪ್ಪನ್ನೂ, ಮನೆಯ ಹೊರಗೆ ತಿಂದುದನ್ನೂ ಕೂಡಿಸಲು ಮರೆಯಬೇಡ. ಹೊರಗಿನ ಊಟ ವಾರಕ್ಕೆ ನಾಲ್ಕೈದು ಸಲ ನಡೆಯುವ ಮನೆಯಲ್ಲಿ ಆ ಪೊಟ್ಟಣ 50 ದಿನವಲ್ಲ, 60 ದಿನವಾದರೂ ಬಾಳಬೇಕು. ಕೈಯಳತೆಯಲ್ಲಿ ಹಾಕುವ ಅಭ್ಯಾಸವುಳ್ಳವರು ಕಲ್ಲುಪ್ಪು ಬಿಟ್ಟು ಪುಡಿ ಉಪ್ಪಿಗೆ ಬಂದಾಗ, ಅದೇ ಮುಷ್ಟಿಯಲ್ಲಿ ಹೆಚ್ಚು ತೂಕ ಹಿಡಿಯುವುದೆಂಬ ಸೂಕ್ಷ್ಮವನ್ನೂ ಗಮನಿಸಬೇಕು.

ಉಪ್ಪಿಗೂ ರಕ್ತದೊತ್ತಡಕ್ಕೂ ಏನು ಸಂಬಂಧವೆಂದರೆ, ರಕ್ತದಲ್ಲಿ ಸೋಡಿಯಂ ಹೆಚ್ಚಿದಷ್ಟೂ ದೇಹವು ನೀರನ್ನು ತಡೆದಿಟ್ಟುಕೊಳ್ಳುತ್ತದೆ. ನೀರು ಹೆಚ್ಚಿದಾಗ ನಾಳಗಳೊಳಗಿನ ಒತ್ತಡ ಏರುತ್ತದೆ. ಆ ಹೆಚ್ಚಳವನ್ನು ಹೊರಹಾಕುವ ಭಾರ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಹರೆಯದಲ್ಲಿ ಅವು ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ, ವಯಸ್ಸಾದಂತೆ ಸೋಲುತ್ತವೆ. 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಎಂಬ ಅಧ್ಯಯನದಲ್ಲಿ 32 ದೇಶಗಳ 52 ಕೇಂದ್ರಗಳಲ್ಲಿ ಜನರ ಮೂತ್ರವನ್ನು ಇಡೀ ದಿನ ಸಂಗ್ರಹಿಸಿ ಪರೀಕ್ಷಿಸಿದಾಗ, ಉಪ್ಪನ್ನೇ ಅರಿಯದ ಬ್ರೆಜಿಲ್ ದೇಶದ ಯಾನೊಮಾಮಿ ವನವಾಸಿಗಳಲ್ಲಿ ವಯಸ್ಸಿನೊಡನೆ ಒತ್ತಡ ಏರುವುದೆಂಬುದೇ ಇಲ್ಲವೆಂದು ಕಂಡುಬಂದಿತು. ನಾವು ಮುಪ್ಪಿನ ಸಹಜಧರ್ಮವೆಂದು ಭಾವಿಸಿದ್ದುದರಲ್ಲಿ ಎಷ್ಟೋ ಪಾಲು ನಮ್ಮ ಊಟದ ಫಲವೆಂಬುದು ಇದರಿಂದ ಊಹ್ಯವಾಗುತ್ತದೆ. ದಿನಕ್ಕೆ ನಾಲ್ಕು ಗ್ರಾಂಗಿಂತ ತುಸು ಹೆಚ್ಚು ಉಪ್ಪನ್ನು ಕಡಿಮೆ ಮಾಡಿಸಿ ನೋಡಿದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು, ಅಧಿಕ ಒತ್ತಡವುಳ್ಳವರಲ್ಲಿ ಮೇಲಿನ ಅಂಕೆ ಸರಾಸರಿ 5ರಷ್ಟೂ, ಇಲ್ಲದವರಲ್ಲಿ 2ರಷ್ಟೂ ಇಳಿಯಿತೆಂದು 2013ರಲ್ಲಿ ತೋರಿಸಿತು. ಒಬ್ಬ ವ್ಯಕ್ತಿಗೆ ಇದು ಅಲ್ಪವೆನಿಸಬಹುದು. ಒಂದು ನಾಡಿಗೆ ನಾಡೇ ಅಷ್ಟು ಇಳಿದರೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿಯುವವರ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸ ಅಲ್ಪವಲ್ಲ.

ವಿದ್ವಾಂಸರಲ್ಲಿ ಭಿನ್ನಮತವಿಲ್ಲವೆಂದು ನಾನು ಹೇಳಲಾರೆ. ಪ್ಯೂರ್ ಎಂಬ ಬಹುದೇಶೀಯ ಅಧ್ಯಯನದವರು, ಅದರಲ್ಲಿ ನಿಮ್ಮೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಪಾಲೂ ಉಂಟು, ಅತಿ ಹೆಚ್ಚು ತಿನ್ನುವವರಿಗೆ ಮಾತ್ರವಲ್ಲದೆ ಅತಿ ಕಡಿಮೆ ತಿನ್ನುವವರಿಗೂ ಹೃದ್ರೋಗದ ಅಪಾಯ ಹೆಚ್ಚೆಂದು 2014ರಲ್ಲಿ ಬರೆದರು. ಮುಂಜಾನೆಯ ಒಂದೇ ಬಾರಿಯ ಮೂತ್ರದಿಂದ ದಿನದ ಉಪ್ಪನ್ನು ಅಂದಾಜು ಮಾಡುವ ಅವರ ಕ್ರಮ ವಿಶ್ವಾಸಾರ್ಹವಲ್ಲವೆಂದೂ, ಮೊದಲೇ ಕಾಯಿಲೆಯಿಂದ ಊಟ ಕಡಿಮೆಯಾದವರು ಆ ಗುಂಪಿನಲ್ಲಿ ಸೇರಿರಬಹುದೆಂದೂ ಪ್ರತಿಪಕ್ಷದವರು ವಾದಿಸುತ್ತಾರೆ. ಈ ವಾದ ಎತ್ತ ಮುಗಿದರೂ ನಿನ್ನ ಅಡುಗೆಮನೆಗೆ ಅದರಿಂದ ಬಾಧಕವಿಲ್ಲ. ಎಂಟರಲ್ಲಿರುವವರು ಐದರತ್ತ ಬರುವುದರಲ್ಲಿ ಹಿತವಿದೆಯೆಂಬುದನ್ನು, ಅದರಲ್ಲೂ ಒತ್ತಡ ಏರಿರುವವರ ವಿಷಯದಲ್ಲಿ, ಬಹುತೇಕರು ಒಪ್ಪುತ್ತಾರೆ. ಸೊನ್ನೆಗೆ ಇಳಿಸೆಂದು ಯಾವ ವೈದ್ಯನೂ ಹೇಳಿಲ್ಲ.

ಉಪ್ಪನ್ನು ಶತ್ರುವೆಂದು ಕಾಣುವವಳು ನಾನಲ್ಲ. ಕಸ್ತೂರಬಾ ಅವರ ಅಸ್ವಾಸ್ಥ್ಯದ ಸಂದರ್ಭದಲ್ಲಿ, ಉಪ್ಪು ಬೇಳೆಗಳನ್ನು ಬಿಡಬೇಕೆಂದು ಹೇಳಿದ ಗಾಂಧೀಜಿ, ನೀವಾದರೂ ಬಿಡಬಲ್ಲಿರಾ ಎಂಬ ಅವರ ಪ್ರತಿಪ್ರಶ್ನೆಗೆ ಉತ್ತರವಾಗಿ ತಾವೇ ಒಂದು ವರ್ಷ ಅವೆರಡನ್ನೂ ತ್ಯಜಿಸುವ ವ್ರತ ಹಿಡಿದರು. ಆ ಮಹಾನುಭಾವರೇ 1930ರಲ್ಲಿ ದಂಡಿಗೆ ನಡೆದು, ಬಡವನ ಉಪ್ಪಿನ ಮೇಲೆ ಸುಂಕ ಹೇರಿದ ಸರ್ಕಾರವನ್ನು ಎದುರಿಸಿದರು. ಅದೇ ಏಪ್ರಿಲ್ ತಿಂಗಳಿನಲ್ಲಿ ಈ ತಮಿಳು ಸೀಮೆಯ ವೇದಾರಣ್ಯದಲ್ಲಿ ರಾಜಾಜಿಯವರೂ, ನಮ್ಮ ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರೂ ಉಪ್ಪಿನ ಕಾಯಿದೆಯನ್ನು ಮುರಿದರು. ಬಿಸಿಲಿನಲ್ಲಿ ಬೆವರಿ ದುಡಿಯುವವನಿಗೆ ಉಪ್ಪು ಪ್ರಾಣಾಧಾರವೆಂಬುದೂ, ನೆರಳಿನಲ್ಲಿ ಕುಳಿತು ತಿನ್ನುವವನಿಗೆ ಅದರ ಅತಿರೇಕ ಅಪಾಯವೆಂಬುದೂ ಒಂದನ್ನೊಂದು ಅಲ್ಲಗಳೆಯುವ ಮಾತುಗಳಲ್ಲ. ನಮ್ಮ ಪ್ರಾಚೀನರಿಗೂ ಈ ವಿವೇಕವಿತ್ತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳೆಂದು ಹಿಪ್ಪಲಿ, ಕ್ಷಾರ, ಲವಣಗಳನ್ನು ಹೆಸರಿಸಿದೆ; ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶಗಳ ಜನರು ಹಾಲಿಗೂ ಉಪ್ಪು ಬೆರೆಸುವರೆಂದು ಅಲ್ಲಿ ಉದಾಹರಿಸಿ, ಇಂತಹವರಿಗೆ ಶೈಥಿಲ್ಯವೂ ಅಕಾಲದ ನರೆಯೂ ಸುಕ್ಕೂ ಬರುತ್ತವೆಂದು ಎಚ್ಚರಿಸಿದೆ.

ನಾನಿರುವ ಈ ವಡಪಳನಿಯ ಬೀದಿಗಳನ್ನು ನೋಡಿದಾಗ, ಉಪ್ಪು ಹೇಗೆ ನಮ್ಮ ಕೈತಪ್ಪಿ ಹೋಗುತ್ತಿದೆಯೆಂಬುದು ವಿಶದವಾಗುತ್ತದೆ. ವಿಜಯಾ ವಾಹಿನಿ, ಎ.ವಿ.ಎಂ. ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ಈ ಆರ್ಕಾಟ್ ರಸ್ತೆಯ ಸುತ್ತ ನಮ್ಮವರ ಎಷ್ಟೋ ಸಂಸಾರಗಳಿದ್ದವು. ಹೋಟೆಲಿನ ತಿಂಡಿಯೆಂಬುದು ಆಗ ವಿಶೇಷ ದಿನದ ಮಾತು. ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕೆ. ಕೃಷ್ಣರಾಯರಂತಹ ಉಡುಪಿ ಸೀಮೆಯ ಸಾಹಸಿಗಳು ಈ ನಗರಕ್ಕೆ ಕಲಿಸಿದ ಇಡ್ಲಿ ದೋಸೆಗಳ ರುಚಿಯ ಬಗ್ಗೆ ನನಗೆ ಅಭಿಮಾನವೇ ಉಂಟು. ಆದರೆ ಇಂದು ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿ, ಮೂರು ಬಗೆಯ ಚಟ್ನಿ, ಮೇಲೆ ಇನ್ನೊಂದು ಸೌಟು ಸಾಂಬಾರು, ಇದು ದಿನನಿತ್ಯದ ಉಪಾಹಾರವಾದರೆ ಆ ಒಂದು ಚಮಚದ ದೊಡ್ಡ ಪಾಲು ಒಂಬತ್ತು ಗಂಟೆಯೊಳಗೇ ಮುಗಿದಿರುತ್ತದೆ. ಇಡ್ಲಿಯನ್ನು ಚಟ್ನಿಯಲ್ಲಿ ಅದ್ದಿ ತಿನ್ನುವುದಕ್ಕೂ ಸುರಿದುಕೊಂಡು ತಿನ್ನುವುದಕ್ಕೂ ಬಹಳ ಅಂತರವಿದೆ. ಪೊಟ್ಟಣದ ಪದಾರ್ಥಗಳ ಮೇಲೆ ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ: 800 ಎಂದಿದ್ದರೆ 2 ಗ್ರಾಂ ಉಪ್ಪು. ಬ್ರೆಡ್ಡು ಬಿಸ್ಕತ್ತುಗಳಲ್ಲಿ, ಅಡುಗೆ ಸೋಡದಲ್ಲಿ, ಹಪ್ಪಳಖಾರದಲ್ಲಿ ನಾಲಗೆಗೆ ಉಪ್ಪೆನಿಸದಿದ್ದರೂ ಸೋಡಿಯಂ ಇರುತ್ತದೆ.

ಆದರೂ ನಮ್ಮಂತಹ ಮನೆಗಳಲ್ಲಿ ಉಪ್ಪಿನ ಬಹುಭಾಗ ಇಂದಿಗೂ ಒಲೆಯ ಮುಂದೆ ನಿಂತವರ ಕೈಯಿಂದಲೇ ಬೀಳುತ್ತದೆ. ಆದ್ದರಿಂದ ಅದನ್ನು ಇಳಿಸುವ ಶಕ್ತಿಯೂ ನಿನ್ನ ಕೈಯಲ್ಲಿಯೇ ಇದೆ. ಅನ್ನಕ್ಕೆ ನಾವು ಹೇಗೂ ಉಪ್ಪು ಹಾಕುವುದಿಲ್ಲ. ಚಪಾತಿಯ ಹಿಟ್ಟಿನಿಂದ ಮೊದಲು ತೆಗೆ, ಯಾರಿಗೂ ತಿಳಿಯದು. ಎರಡನೆಯ ವಾರ ಮೊಸರನ್ನಕ್ಕೆ ಹಾಕುವುದನ್ನು ನಿಲ್ಲಿಸು. ಜೊತೆಗೆ ಉಪ್ಪಿನಕಾಯಿಯೋ ಬಾಳಕದ ಮೆಣಸಿನಕಾಯಿಯೋ ಇರುವಾಗ ಅದರ ಅಗತ್ಯವೇನು? ಆಮೇಲೆ ಸಾರು, ಹುಳಿ, ಪಲ್ಯಗಳಲ್ಲಿ ಸ್ವಲ್ಪಸ್ವಲ್ಪವಾಗಿ. ಕೋಸಂಬರಿಗೆ ಬಡಿಸುವ ಮುನ್ನ ನಿಂಬೆರಸ ಹಿಂಡು. ಹುಳಿ, ಕೊತ್ತಂಬರಿ, ಇಂಗು, ಕರಿಬೇವುಗಳು ಉಪ್ಪಿನ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಮದುವೆಯ ಎಲೆಯ ತುದಿಗೆ ಉಪ್ಪು ಬಡಿಸುವ ಸಂಪ್ರದಾಯ ನಡೆಯಲಿ. ದಿನದ ಊಟಕ್ಕೆ ಉಪ್ಪಿನ ಬಟ್ಟಲನ್ನು ಮಾತ್ರ ತಂದಿಡಬೇಡ. ನಾಲಗೆಯ ರುಚಿ ಎರಡು ಮೂರು ತಿಂಗಳಿನಲ್ಲಿ ಹೊಸ ಅಳತೆಗೆ ಒಗ್ಗಿಕೊಳ್ಳುತ್ತದೆಂಬುದನ್ನು ಪ್ರಯೋಗಗಳೂ ಸಮರ್ಥಿಸಿವೆ. ಆಮೇಲೆ ಹಳೆಯ ಅಳತೆಯ ಸಾರೇ ಉಪ್ಪುಪ್ಪಾಗಿ ತೋರುತ್ತದೆ. ಅಳಿಯಂದಿರು ಎದ್ದುಹೋದುದು ಉಪ್ಪು ಕಡಿಮೆಯಾದುದಕ್ಕಲ್ಲ, ಒಂದೇ ದಿನದಲ್ಲಿ ಪೂರ್ತಿ ಇಲ್ಲವಾದುದಕ್ಕೆ. ಎದುರಿಗೆ ಕುಳಿತ ನಿಮ್ಮೆಲ್ಲರ ತಟ್ಟೆಯಲ್ಲಿ ಅದು ಇದ್ದುದಕ್ಕೆ.

ಸೈಂಧವ ಲವಣವನ್ನೂ, ನಸುಗೆಂಪು ಬಣ್ಣದ ಬೆಲೆಬಾಳುವ ಉಪ್ಪನ್ನೂ ಕೊಂಡರೆ ದೋಷವಿಲ್ಲವೆಂದು ಯಾರೋ ಹೇಳಿದರೆಂದು ಬರೆದಿದ್ದೀಯೆ. ಅವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡು. ಸಾಮಾನ್ಯವಾಗಿ ಅವುಗಳಿಗೆ ಅಯೊಡಿನ್ ಸೇರಿಸಿರುವುದಿಲ್ಲವೆಂಬುದೊಂದು ಕೊರತೆ ಬೇರೆ. ಮನೆಗೆ ಮಗು ಬರುವ ದಿನಗಳನ್ನು ನಿರೀಕ್ಷಿಸುತ್ತಿರುವ ನೀನು ಅಯೊಡಿನ್‌ಯುಕ್ತ ಉಪ್ಪನ್ನು ಬಿಡಕೂಡದು. ಪ್ರಮಾಣ ಇಳಿಸು, ಅಯೊಡಿನ್ ಉಳಿಸಿಕೋ. ಸೋಡಿಯಂ ತಗ್ಗಿಸಿ ಪೊಟ್ಯಾಸಿಯಂ ಬೆರೆಸಿದ ಉಪ್ಪೂ ಅಂಗಡಿಗಳಲ್ಲಿ ದೊರೆಯುತ್ತದೆ; 2014ರಲ್ಲಿ ತಮಿಳುನಾಡು ಸರ್ಕಾರವೇ ‘ಅಮ್ಮಾ’ ಉಪ್ಪಿನ ಬಗೆಗಳಲ್ಲಿ ಅಲ್ಪ ಸೋಡಿಯಂನದನ್ನೂ ಮಾರಾಟಕ್ಕೆ ತಂದಿತ್ತು. ಚೀನಾ ದೇಶದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ದೌರ್ಬಲ್ಯವುಳ್ಳವರಿಗೂ, ಪೊಟ್ಯಾಸಿಯಂ ಏರಿಸುವ ಕೆಲವು ಔಷಧಗಳನ್ನು ಸೇವಿಸುವವರಿಗೂ ಅದು ಹೃದಯಕ್ಕೆ ಅಪಾಯಕಾರಿ. ನಿನ್ನ ಮಾವನವರಿಗೆ ಸಕ್ಕರೆ ಕಾಯಿಲೆಯಿರುವುದರಿಂದ, ಅವರ ಮೂತ್ರಪಿಂಡದ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳುವವರೆಗೆ ಆ ಉಪ್ಪನ್ನು ಮನೆಗೆ ತರಬೇಡ.

ಉಪ್ಪು ಇಳಿಸಬಾರದ ಸಂದರ್ಭಗಳೂ ಉಂಟು. ಇಲ್ಲಿ ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಕಟ್ಟಡದ ಕೆಲಸಕ್ಕೆ ನಿಂತವರಿಗೆ ಚಿಟಿಕೆ ಉಪ್ಪು ಹಾಕಿದ ನೀರುಮಜ್ಜಿಗೆ ಔಷಧಿಯೇ ಸರಿ. ಪಂಖದ ಕೆಳಗೆ ಕುಳಿತವರು ಅದನ್ನೇ ನೆಪ ಮಾಡಿಕೊಳ್ಳಬಾರದು. ವಾಂತಿಭೇದಿಯಾದಾಗ ಲೆಕ್ಕವನ್ನೆಲ್ಲ ಬದಿಗಿಟ್ಟು, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಅರ್ಧ ಚಹಾ ಚಮಚ ಉಪ್ಪು, ಆರು ಚಮಚ ಸಕ್ಕರೆ ಹಾಕಿ ಮತ್ತೆಮತ್ತೆ ಕುಡಿಸಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರು ಊಟ ಬಿಟ್ಟು, ಮಂಕಾಗಿ, ತಡವರಿಸಿ ಮಾತಾಡತೊಡಗಿದರೆ ರಕ್ತದ ಸೋಡಿಯಂ ಕುಸಿದಿರಲೂಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ಸಲದ 138 ಎಂಬ ಅಂಕೆಯಿಂದಲೇ ಅಳಿಯಂದಿರನ್ನು ರೋಗಿಯೆನ್ನಬೇಡ. ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಕಾಫಿಗೆ ಮುಂಚೆ, ಒಂದು ವಾರ ಬೆಳಗ್ಗೆ ಸಂಜೆ ಮನೆಯಲ್ಲಿಯೇ ಅಳೆದು ಬರೆದಿಟ್ಟು, ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಅವರು ಮಾತ್ರೆ ಬರೆದರೆ ಕೊಡು. ಉಪ್ಪು ಇಳಿಸಿದೆವೆಂಬ ಧೈರ್ಯದಿಂದ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಈಗಿನ ಉಪ್ಪಿನ ಪೊಟ್ಟಣ ಎಂದು ಒಡೆದದ್ದು, ಎಂದು ಮುಗಿಯಿತು ಎಂಬುದನ್ನು ಮುಂದಿನ ಕಾಗದದಲ್ಲಿ ತಪ್ಪದೆ ಬರೆ. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ