ತೆಂಗ್‌ಬೋಚೆವರೆಗೆ ಹೋಗಿ, ಅಲ್ಲಿಂದಲೇ ತಿರುಗಿ

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟಿದ್ದೇವೆ ಎನ್ನುವವರನ್ನು ನಾನು ಮೊದಲು ಕೇಳುವುದು, ಎಷ್ಟು ದಿನ ರಜೆ ಸಿಕ್ಕಿದೆ ಅಂತ. ಹತ್ತು ಹನ್ನೆರಡು ದಿನ ಎಂದರೆ, ಬೇಸ್ ಕ್ಯಾಂಪ್ ಬಿಡಿ, ತೆಂಗ್‌ಬೋಚೆವರೆಗೆ ಹೋಗಿ ಬನ್ನಿ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ, ಅರ್ಧ ಊಟಕ್ಕೇ ಎಬ್ಬಿಸಿದ ಹಾಗೆ. ಆದರೆ ಬೇಸ್ ಕ್ಯಾಂಪ್ ಎಂದರೆ ಹಿಮನದಿಯ ಮೇಲಿನ ಕಲ್ಲುಗುಡ್ಡೆ. ಅಲ್ಲಿಂದ ಎವರೆಸ್ಟ್ ತುದಿ ಕಾಣುವುದೂ ಇಲ್ಲ. ಶೆರ್ಪಾ ಊರುಗಳು, ಗೊಂಪಾಗಳು (ಬೌದ್ಧ ಮಠಗಳು), ಕಲ್ಲುಗೋಡೆ ಕಟ್ಟಿದ ಆಲೂಗಡ್ಡೆ ಹೊಲಗಳು, ಶಾಲೆಗೆ ಓಡುವ ಮಕ್ಕಳು ಎಲ್ಲ ಇರುವುದು ನಾಲ್ಕು ಸಾವಿರ ಮೀಟರಿನ ಕೆಳಗೆ, ಖುಂಬು ಕಣಿವೆಯಲ್ಲಿ. ಎವರೆಸ್ಟೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ನಡಿಗೆಗೆ ಎಂಟು ದಿನ, ವಿಮಾನ ಕೈಕೊಟ್ಟರೆ ಇರಲಿ ಎಂದು ಎರಡು ದಿನ. ಈ ಎರಡು ದಿನವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಯಾಕೆಂದು ಕೊನೆಗೆ ಹೇಳುತ್ತೇನೆ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಆಧಾರ್ ಒಂದನ್ನೇ ನಂಬಿಕೊಂಡು ಹೊರಡಬೇಡಿ. ನೂರು ಭಾರತೀಯ ರೂಪಾಯಿಗೆ ನೂರ ಅರವತ್ತು ನೇಪಾಳಿ ರೂಪಾಯಿ, ಇದು ಸ್ಥಿರ ದರ. ನಮ್ಮ ದೊಡ್ಡ ನೋಟುಗಳ ಬಗ್ಗೆ ಅಲ್ಲಿನ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ಒಮ್ಮೆ ವಿಚಾರಿಸಿಕೊಳ್ಳಿ. ಬೆಟ್ಟದ ಮೇಲಿನ ಖರ್ಚಿಗೆ ಕಾಠ್ಮಂಡುವಿನಲ್ಲೇ ನಗದು ಮಾಡಿಕೊಳ್ಳಿ. ದಾರಿಯಲ್ಲಿ ಸಿಗುವ ನಾಮ್ಚೆಯಲ್ಲಿ ಎಟಿಎಂ ಇದೆ, ಆದರೆ ಅದರಲ್ಲಿ ದುಡ್ಡು ಇದ್ದೇ ಇರುತ್ತದೆ ಎನ್ನುವಂತಿಲ್ಲ. ಸಾಗರಮಾಥಾ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕವಿದೆ. ಸಾರ್ಕ್ ದೇಶದವರಿಗೆ ಅದು ಉಳಿದ ವಿದೇಶಿಯರ ದರದ ಅರ್ಧ, ಆದ್ದರಿಂದ ಭಾರತೀಯರೆಂದು ಮೊದಲೇ ಹೇಳಿ ಗುರುತಿನ ಚೀಟಿ ತೋರಿಸಿ. ಸ್ಥಳೀಯ ಗ್ರಾಮಪಾಲಿಕೆಯ ಶುಲ್ಕ ಬೇರೆ. ಎರಡನ್ನೂ ದಾರಿಯಲ್ಲೇ ಕಟ್ಟಬಹುದು.

ಹೋಗುವ ಕಾಲ ಅಕ್ಟೋಬರ್–ನವೆಂಬರ್ ಅಥವಾ ಮಾರ್ಚ್‌ನಿಂದ ಮೇ. ಆಕಾಶ ತಿಳಿಯಾಗಿರಬೇಕೆಂದರೆ ಮೊದಲನೆಯದು. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುತ್ತದೆ, ಆದರೆ ಲಾಲಿಗುರಾಂಸ್ ಹೂ ಬಿಟ್ಟು ಇಡೀ ಕಾಡು ಕೆಂಪಾಗಿರುತ್ತದೆ. ನನ್ನನ್ನು ಕೇಳಿದರೆ ಏಪ್ರಿಲ್. ಶಿಖರ ಬೆಳಗ್ಗೆಯೇ ನೋಡಿಕೊಂಡರಾಯಿತು.

ನಡಿಗೆ ಶುರುವಾಗುವ ಲುಕ್ಲಾದ ವಿಮಾನ ನಿಲ್ದಾಣಕ್ಕೆ ತೇನ್‌ಸಿಂಗ್ ಮತ್ತು ಹಿಲರಿಯ ಹೆಸರು. ರನ್‌ವೇ ಉದ್ದ 527 ಮೀಟರ್. ಅದೂ ಸಮತಟ್ಟಲ್ಲ, ಏರು. ಇಳಿಯುವಾಗ ಏರು ವಿಮಾನವನ್ನು ತಡೆಯುತ್ತದೆ, ಹೊರಡುವಾಗ ಇಳಿಜಾರು ಓಡಿಸುತ್ತದೆ. ಒಂದು ತುದಿಗೆ ಗೋಡೆ, ಇನ್ನೊಂದಕ್ಕೆ ಕಣಿವೆ. ವಿಮಾನದಲ್ಲಿ ಎಡಗಡೆಯ ಕಿಟಕಿ ಹಿಡಿಯಿರಿ, ಹೋಗುವಾಗ ಹಿಮದ ಸಾಲು ಆ ಕಡೆಗೆ. ಸೀಸನ್ನಿನಲ್ಲಿ ಈ ವಿಮಾನಗಳು ಕಾಠ್ಮಂಡುವಿನ ಬದಲು ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ಅಂದರೆ ನಡುರಾತ್ರಿ ಎದ್ದು ನಾಲ್ಕೈದು ಗಂಟೆ ತಿರುವು ರಸ್ತೆಯಲ್ಲಿ ಜೀಪು. ಟಿಕೆಟ್ ಕೊಳ್ಳುವಾಗಲೇ ಎಲ್ಲಿಂದ ಎಂದು ಕೇಳಿ. ಲಗೇಜು ಕೈಚೀಲ ಸೇರಿ 15 ಕಿಲೋ, ತಕ್ಕಡಿಯ ಮುಂದೆ ಚೌಕಾಸಿ ನಡೆಯುವುದಿಲ್ಲ.

ಲುಕ್ಲಾ ಇರುವುದೇ ಸುಮಾರು 2,850 ಮೀಟರಿನಲ್ಲಿ. ನಮ್ಮ ರಾಜ್ಯದ ನೆತ್ತಿಯಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಾವು ಹತ್ತಿ ಗೊತ್ತಿರುವ ಯಾವ ಬೆಟ್ಟಕ್ಕಿಂತಲೂ ಮೇಲೆ ನಿಮ್ಮ ನಡಿಗೆ ಶುರುವಾಗುತ್ತದೆ. ಕುಮಾರಪರ್ವತವನ್ನು ಕುಕ್ಕೆಯಿಂದ ಒಂದೇ ದಿನ ಹತ್ತಿ ಇಳಿದ ಕಾಲಿಗೆ ಇಲ್ಲಿ ತೊಂದರೆಯಾಗದು. ಹೊರಡುವ ಮೊದಲು ಅದನ್ನೊಮ್ಮೆ ಹತ್ತಿ, ಹೊಸ ಬೂಟು ಹಾಕಿಕೊಂಡೇ ಹತ್ತಿ. ಆದರೆ ಎತ್ತರದ ಮಾತು ಬೇರೆ. ಅದು ಕಾಲನ್ನಲ್ಲ, ತಲೆಯನ್ನು ಹಿಡಿಯುತ್ತದೆ. ಜಿಮ್ಮಿಗೆ ಹೋಗುವ ಹುಡುಗರೇ ಮೊದಲು ಮಲಗುವುದನ್ನು ಕಂಡಿದ್ದೇನೆ, ಯಾಕೆಂದರೆ ಅವರು ಮೊದಲ ದಿನವೇ ಓಡುತ್ತಾರೆ. ದಾರಿಯುದ್ದಕ್ಕೂ ಕಿವಿಗೆ ಬೀಳುವ ನೇಪಾಳಿ ಮಾತು ‘ಬಿಸ್ತಾರೈ’, ನಿಧಾನ. ಪಕ್ಕದವರೊಡನೆ ಮಾತಾಡುತ್ತ ನಡೆಯಲು ಆಗುತ್ತಿಲ್ಲ ಎಂದರೆ ನೀವು ಜೋರಾಗಿ ಹೋಗುತ್ತಿದ್ದೀರಿ.

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಮುನ್ನೂರರಿಂದ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು ಶುರುವಾದರೆ ಅಲ್ಲೇ ನಿಲ್ಲಿ. ಜಾಸ್ತಿಯಾದರೆ ರಾತ್ರಿಯಾದರೂ ಇಳಿಯಿರಿ. ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದವನನ್ನು ಕಾಯಿಸುವಂತಿಲ್ಲ. ಡಯಾಮಾಕ್ಸ್ ಮಾತ್ರೆ ಬಹಳ ಜನ ತೆಗೆದುಕೊಳ್ಳುತ್ತಾರೆ. ಸಲ್ಫಾ ಔಷಧ ಒಗ್ಗದವರು ಅದನ್ನು ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು. ವಿಮೆ ಮಾಡಿಸುವಾಗ ಎಷ್ಟು ಎತ್ತರದವರೆಗೆ, ಹೆಲಿಕಾಪ್ಟರ್ ಸೇರಿದೆಯೇ ಎಂದು ಓದಿಕೊಳ್ಳಿ. ಸಣ್ಣ ತಲೆನೋವಿಗೂ ಹೆಲಿಕಾಪ್ಟರ್ ಕರೆಸೋಣ ಎನ್ನುವವರು ಸಿಕ್ಕರೆ ಅದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ.

ಮೊದಲ ದಿನ ಹೆಚ್ಚಿಗೆ ಇಳಿಜಾರೇ. ಪಾಸಾಂಗ್ ಲಾಮು ಹೆಸರಿನ ಕಮಾನಿನ ಕೆಳಗೆ ಹಾದು ಲುಕ್ಲಾ ಬಿಡುತ್ತೀರಿ. 1993ರಲ್ಲಿ ಎವರೆಸ್ಟ್ ಏರಿದ ಮೊದಲ ನೇಪಾಳಿ ಮಹಿಳೆ ಆಕೆ, ಇಳಿಯುವಾಗ ತೀರಿಕೊಂಡರು. ಪಾಸಾಂಗ್ ಎಂದರೆ ಶುಕ್ರವಾರ. ಶೆರ್ಪಾಗಳಲ್ಲಿ ಹುಟ್ಟಿದ ವಾರವೇ ಹೆಸರಾಗುವುದು ರೂಢಿ: ದಾವಾ ಸೋಮವಾರ, ಮಿಂಗ್ಮಾ ಮಂಗಳವಾರ, ಲಾಕ್ಪಾ ಬುಧವಾರ, ಫುರ್ಬಾ ಗುರುವಾರ, ಪೆಂಬಾ ಶನಿವಾರ, ನೀಮಾ ಭಾನುವಾರ. ನಮ್ಮ ಸೋಮಣ್ಣ, ಮಂಗಳಮ್ಮರ ಹಾಗೆ. ಲಾಡ್ಜಿನಲ್ಲಿ ಯಾರದಾದರೂ ಹೆಸರು ಕೇಳಿ ನೀವೇ ವಾರ ಹೇಳಿದರೆ ಚಹಾ ಸ್ವಲ್ಪ ಬೇಗ ಬರುತ್ತದೆ.

ಫಾಕ್ದಿಂಗ್‌ನಲ್ಲಿ ರಾತ್ರಿ. ಮರುದಿನ ದೂಧ್ ಕೋಶಿ ನದಿಯನ್ನು ತೂಗುಸೇತುವೆಗಳಲ್ಲಿ ಮತ್ತೆ ಮತ್ತೆ ದಾಟುತ್ತ ಮೊಂಜೋದಲ್ಲಿ ಉದ್ಯಾನದ ಬಾಗಿಲು ಹೊಕ್ಕು, ಕೊನೆಗೆ ಆರುನೂರು ಮೀಟರಿನ ಏರು ಹತ್ತಿ ನಾಮ್ಚೆ. ಆ ಏರಿನ ನಡುವೆ ಪೈನ್ ಮರಗಳ ಸಂದಿಯಲ್ಲಿ ಎವರೆಸ್ಟ್ ಮೊದಲ ಸಲ ಇಣುಕುತ್ತದೆ. ಇಲ್ಲಿ ಒಂದು ಮಾತು ಗಂಟು ಹಾಕಿಕೊಳ್ಳಿ. ಹೊರೆ ಹೊತ್ತ ಝೋಪ್‌ಕ್ಯೋಗಳು (ಯಾಕ್ ಮತ್ತು ಹಸುವಿನ ಮಿಶ್ರತಳಿ) ಎದುರಾದರೆ ಬೆಟ್ಟದ ಕಡೆಗೆ ಒತ್ತಿ ನಿಲ್ಲಿ, ಕಣಿವೆಯ ಕಡೆಗಲ್ಲ. ಅವಕ್ಕೆ ತಮ್ಮ ಹೊರೆ ಎಷ್ಟು ಅಗಲ ಎಂಬ ಅಂದಾಜಿಲ್ಲ. ಸೇತುವೆಯ ಮೇಲೆ ಗಂಟೆ ಸದ್ದು ಕೇಳಿದರೆ ಅವು ದಾಟುವ ತನಕ ಈಚೆಯೇ ಇರಿ.

ನಾಮ್ಚೆ 3,440 ಮೀಟರಿನಲ್ಲಿ, ಲಾಳದ ಆಕಾರದ ಬೆಟ್ಟದ ಬೋಗುಣಿಯೊಳಗೆ ಮೆಟ್ಟಿಲು ಮೆಟ್ಟಿಲಾಗಿ ಕೂತ ಊರು. ಬೇಕರಿ, ಔಷಧಿ ಅಂಗಡಿ, ಬೂಟು ಅಂಗಡಿ ಎಲ್ಲ ಉಂಟು. ಎರಡು ರಾತ್ರಿ ಇಲ್ಲಿ ಕಡ್ಡಾಯ. ಶನಿವಾರ ಸಂತೆ, ಅದಕ್ಕೆ ಸರಿಹೊಂದುವಂತೆ ಹೊರಟರೆ ಒಳ್ಳೆಯದು.

ನಾಮ್ಚೆಯಿಂದ ಬಹಳಷ್ಟು ಗುಂಪುಗಳು ನೇರ ತೆಂಗ್‌ಬೋಚೆ ದಾರಿ ಹಿಡಿಯುತ್ತವೆ. ಖುಮ್‌ಜುಂಗ್ ಮತ್ತು ಖುಂದೆ ಅವಕ್ಕೆ ಒಂದು ಫೋಟೋದ ಜಾಗ. ನೀವು ಇಲ್ಲಿ ಒಂದು ರಾತ್ರಿ ಉಳಿಯಿರಿ, ಈ ಪ್ರವಾಸದ ತಿರುಳು ಇದು. ಸ್ಯಾಂಗ್‌ಬೋಚೆ ದಿಬ್ಬ ಹತ್ತಿ ಇಳಿದರೆ ಎರಡು ಮೂರು ಗಂಟೆಯ ದಾರಿ. ಹಸಿರು ತಗಡಿನ ಮಾಡುಗಳ ಜೋಡಿ ಊರು, ಹಿಂದೆ ಖುಂಬಿಲಾ ಬೆಟ್ಟ. 5,761 ಮೀಟರಿನ ಅದು ಇಲ್ಲಿಯ ಗ್ರಾಮದೇವತೆ. ಆದ್ದರಿಂದ ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ಸುತ್ತ ಎಂಟು ಸಾವಿರ ಮೀಟರಿನ ಶಿಖರಗಳಿಗೆ ಹಗ್ಗ ಕಟ್ಟುವ ಜನ ಮನೆ ಹಿಂದಿನ ಗುಡ್ಡವನ್ನು ಮಾತ್ರ ಮುಟ್ಟದೆ ಬಿಟ್ಟಿದ್ದಾರೆ.

ಖುಮ್‌ಜುಂಗ್ ಶಾಲೆ ಹಿಲರಿ 1961ರಲ್ಲಿ ಕಟ್ಟಿಸಿದ್ದು, ಖುಂದೆಯ ಆಸ್ಪತ್ರೆ 1966ರದು. ಖುಮ್‌ಜುಂಗ್ ಗೊಂಪಾದಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗೆ ‘ಯೇತಿಯ ನೆತ್ತಿ’ ಇದೆ. 1960ರಲ್ಲಿ ಹಿಲರಿ ಅದನ್ನೂ ಊರಿನ ಮುಖ್ಯಸ್ಥ ಖುಂಜೋ ಚುಂಬಿಯನ್ನೂ ಶಿಕಾಗೋವರೆಗೆ ಕರೆದೊಯ್ದರು. ಸೆರೋ ಎಂಬ ಕಾಡುಮೇಕೆ ಜಾತಿಯ ಪ್ರಾಣಿಯ ಚರ್ಮವನ್ನು ಎಳೆದು ಮಾಡಿದ್ದು ಎಂದು ವಿಜ್ಞಾನಿಗಳು ಹೇಳಿದರು. ನೆತ್ತಿ ಊರಿಗೆ ಮರಳಿತು, ಪೆಟ್ಟಿಗೆ ಸೇರಿತು. ಕಾಣಿಕೆ ಹಾಕಿದರೆ ಇಂದಿಗೂ ತೆಗೆದು ತೋರಿಸುತ್ತಾರೆ. ನನಗೆ ತೋರಿಸಿದ ಮುದುಕ ಅದು ನಿಜವೋ ಸುಳ್ಳೋ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊಟಕ್ಕೆ ಚಿಂತೆ ಬೇಡ. ದಾಲ್ ಭಾತ್, ಅಂದರೆ ಅನ್ನ, ಬೇಳೆಸಾರು, ಪಲ್ಯ. ಕೇಳಿದಷ್ಟು ಮತ್ತೆ ಬಡಿಸುತ್ತಾರೆ. ಮಾಂಸಾಹಾರಿಗಳೂ ಈ ವಾರ ಸಸ್ಯಾಹಾರಿಗಳಾದರೆ ಹೊಟ್ಟೆಗೆ ಕ್ಷೇಮ: ಖುಂಬುವಿನಲ್ಲಿ ಪ್ರಾಣಿ ಕೊಲ್ಲುವುದಿಲ್ಲ, ಮಾಂಸ ಕೆಳಗಿನಿಂದ ದಿನಗಟ್ಟಲೆ ಬೆನ್ನ ಮೇಲೆ ಬರುತ್ತದೆ. ಖುಂದೆಯ ಒಂದು ಅಡುಗೆಮನೆಯಲ್ಲಿ ಒಲೆ ಪಕ್ಕ ಕೂರಿಸಿ ಬೇಯಿಸಿದ ಆಲೂಗಡ್ಡೆಯ ಬುಟ್ಟಿ ಮುಂದಿಟ್ಟರು. ಗೋಲಿಯಷ್ಟು ಚಿಕ್ಕದರಿಂದ ಮುಷ್ಟಿಯಷ್ಟರವರೆಗೆ. ಬಿಸಿ ಸಿಪ್ಪೆಯನ್ನು ಉಗುರಲ್ಲಿ ಸುಲಿದು, ಉಪ್ಪು–ಮೆಣಸಿನ ಖಾರಕ್ಕೆ ಅದ್ದಿ ತಿನ್ನಬೇಕು. ಮನೆಯಾಕೆ ಮಾತಾಡುತ್ತಲೇ ನನ್ನ ಒಂದಕ್ಕೆ ಮೂರು ಸುಲಿದರು. ಅವರ ಸಿಪ್ಪೆ ಉದ್ದಕ್ಕೆ ಒಂದೇ ಎಳೆಯಾಗಿ ಬರುತ್ತಿತ್ತು. ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟರೆ ಚಹಾ ಎಂದುಕೊಳ್ಳಬೇಡಿ, ಸಾರು ಎಂದುಕೊಂಡು ಕುಡಿಯಿರಿ, ಇಳಿಯುತ್ತದೆ. ಉಳಿದ ಲಾಡ್ಜ್ ಲೆಕ್ಕ ಇಷ್ಟೇ: ಕೋಣೆ ಅಗ್ಗ, ಊಟ ಅಲ್ಲೇ ಮಾಡಬೇಕು, ಮೇಲೇರಿದಂತೆ ಬೆಲೆ ಏರುತ್ತದೆ, ಬಿಸಿನೀರಿಗೂ ಫೋನ್ ಚಾರ್ಜಿಗೂ ಬೇರೆ ದುಡ್ಡು. ಬಾಟಲಿ ನೀರು ಕೊಳ್ಳುವ ಬದಲು ಶುದ್ಧೀಕರಣದ ಮಾತ್ರೆ ಒಯ್ಯಿರಿ.

ಐದನೇ ದಿನ ಫುಂಕಿ ತೆಂಗಾದ ನದಿತಳಕ್ಕೆ, 3,250 ಮೀಟರಿಗೆ ಇಳಿಯಬೇಕು. ಗಳಿಸಿದ ಎತ್ತರವನ್ನೆಲ್ಲ ಕಳೆದುಕೊಂಡಂತೆ ಬೇಜಾರಾಗುತ್ತದೆ. ಅಲ್ಲಿ ಹರಿಯುವ ನೀರೇ ಪ್ರಾರ್ಥನಾಚಕ್ರಗಳನ್ನು ತಿರುಗಿಸುವುದನ್ನು ನೋಡುತ್ತ ಒಂದು ಚಹಾ ಕುಡಿದು, ಮತ್ತೆ ಆರುನೂರು ಮೀಟರ್ ಹತ್ತಿದರೆ ತೆಂಗ್‌ಬೋಚೆ. ದಾರಿಯಲ್ಲಿ ಮಂತ್ರ ಕೆತ್ತಿದ ಮಣಿ ಕಲ್ಲುಗಳು, ಚೋರ್ತೆನ್‌ಗಳು (ಸ್ತೂಪಗಳು) ಸಿಕ್ಕಾಗ ಅವು ನಿಮ್ಮ ಬಲಕ್ಕಿರುವಂತೆ ದಾಟಿ. ಪ್ರದಕ್ಷಿಣೆ ಹಾಕಿ ಬೆಳೆದ ನಮಗೆ ಇದನ್ನು ಕಲಿಸಬೇಕಾಗಿಲ್ಲ.

ತೆಂಗ್‌ಬೋಚೆ ಗೊಂಪಾ 1916ರಲ್ಲಿ ಲಾಮಾ ಗುಲು ಸ್ಥಾಪಿಸಿದ್ದು. 1934ರ ಭೂಕಂಪದಲ್ಲಿ ಬಿತ್ತು, ಕಟ್ಟಿದರು. ವಿದ್ಯುತ್ ಬಂದ ಹೊಸತರಲ್ಲಿ, 1989ರಲ್ಲಿ, ಬೆಂಕಿಗೆ ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಒಳಗೆ ಹೋದಾಗ ಎಲ್ಲೋ ನೋಡಿದ್ದೇನೆ ಅನ್ನಿಸಿದರೆ ಅದು ಭ್ರಮೆಯಲ್ಲ. ನಮ್ಮ ಬೈಲುಕುಪ್ಪೆಯ ನಾಮ್‌ದ್ರೋಲಿಂಗ್ ಮತ್ತು ಇಲ್ಲಿಯ ಗೊಂಪಾ ಎರಡೂ ಞಿಂಗ್ಮಾ ಪರಂಪರೆಯವು. ಚಿನ್ನದ ಗುಡಿಯಲ್ಲಿ ಬುದ್ಧನ ಪಕ್ಕ ಕೂತ ಪದ್ಮಸಂಭವನೇ ಇಲ್ಲಿಯ ಗುರು ರಿಂಪೋಛೆ. ಹೊರಡುವ ಮೊದಲು ಒಂದು ಭಾನುವಾರ ಕುಶಾಲನಗರದ ಕಡೆ ಹೋಗಿ ಬಂದರೆ ಇಲ್ಲಿ ಗೋಡೆಚಿತ್ರಗಳ ಮುಂದೆ ಕಣ್ಣು ಕಣ್ಣು ಬಿಡುವುದು ತಪ್ಪುತ್ತದೆ.

ಬೆಳಗಿನ ಪೂಜೆಗೆ ಕೂರಲು ಬಿಡುತ್ತಾರೆ. ಬೂಟು ಹೊರಗೆ ಬಿಡಬೇಕು, ನೆಲ ಮಂಜುಗಡ್ಡೆ. ದಪ್ಪ ಉಣ್ಣೆಯ ಕಾಲುಚೀಲ ಇಲ್ಲದೆ ಹತ್ತು ನಿಮಿಷ ಕೂರಲಾಗದು. ಗೋಡೆ ಬದಿಯಲ್ಲಿ ಕೂತು, ಪಾದಗಳನ್ನು ವಿಗ್ರಹದ ಕಡೆ ಚಾಚದೆ ಮಡಚಿಕೊಳ್ಳಿ. ಒಳಗೆ ಫೋಟೋ ಬೇಡ. ಉದ್ದ ಕಹಳೆಗಳ ಮೊದಲ ಸ್ವರ ಎದೆಯ ಗೂಡಿಗೆ ಬಡಿಯುತ್ತದೆ. ನಡುವೆ ಒಬ್ಬ ಮರಿಲಾಮಾ ಕೆಟಲ್ ಹಿಡಿದು ಸಾಲಿನ ಬಟ್ಟಲುಗಳಿಗೆ ಚಹಾ ತುಂಬುತ್ತ ಬಂದ, ಪಠಣ ನಿಲ್ಲಲಿಲ್ಲ. ಒಬ್ಬ ಹಿರಿಯರು ಓದುತ್ತಲೇ ಬಟ್ಟಲ ಮೇಲೆ ಕೈ ಅಡ್ಡ ಇಟ್ಟು ಸಾಕು ಎಂದರು, ಮರಿಲಾಮಾ ತುಂಟತನದಿಂದ ಬೆರಳ ಸಂದಿಗೆ ಇನ್ನೊಂದು ಹನಿ ಬಿಟ್ಟ. ಹೊರಗೆ ಬಂದಾಗ ಅಮಾ ದಬ್ಲಾಮ್ ಶಿಖರಕ್ಕೆ ಬಿಸಿಲು ತಾಗಿತ್ತು. ಶರದೃತುವಿನಲ್ಲಿ ಹೋಗುವವರು ಮಣಿ ರಿಂದು ಹಬ್ಬದ ದಿನ ವಿಚಾರಿಸಿ. ಟಿಬೆಟಿ ಪಂಚಾಂಗದಂತೆ ಬರುವ ಅದರಲ್ಲಿ ಲಾಮಾಗಳ ಮುಖವಾಡದ ಕುಣಿತವಿದೆ. ಆಗ ಲಾಡ್ಜ್ ಸಿಗುವುದು ಕಷ್ಟ, ಇಪ್ಪತ್ತು ನಿಮಿಷ ಕೆಳಗಿನ ದೇಬೋಚೆಯಲ್ಲಿ ಹುಡುಕಿ. ಅಲ್ಲಿ ಭಿಕ್ಷುಣಿಯರ ಗೊಂಪಾ ಇದೆ.

ಆರನೇ ದಿನ ಹಗುರ ಚೀಲದೊಂದಿಗೆ ಪಾಂಗ್‌ಬೋಚೆಗೆ ಹೋಗಿ ಬನ್ನಿ. ಖುಂಬುವಿನ ಅತಿ ಹಳೆಯ ಗೊಂಪಾ ಅಲ್ಲಿಯದು. ಅದರ ಸುತ್ತಲಿನ ಜುನಿಪರ್ ಮರಗಳು ಲಾಮಾ ಸಂಗ್ವಾ ದೋರ್ಜೆ ಎರಚಿದ ಕೂದಲಿನಿಂದ ಹುಟ್ಟಿದವಂತೆ. ಆಮೇಲೆ ಎರಡು ದಿನದಲ್ಲಿ ಲುಕ್ಲಾಕ್ಕೆ ಇಳಿತ. ಮಂಡಿ ನೋಯುವುದು ಈಗ. ಕೋಲು ಬೇಕಾಗುವುದು ಏರಿಗಲ್ಲ, ಇದಕ್ಕೆ.

ಹೊರೆಯವರ ಬಗ್ಗೆ ಎರಡು ಮಾತು. ದಾರಿ ತಪ್ಪುವಂಥದ್ದಲ್ಲ, ಆದರೂ ಗೈಡ್ ಅಥವಾ ಪೋರ್ಟರ್ ಇದ್ದರೆ ಅಡುಗೆಮನೆಗಳ ಬಾಗಿಲು ತೆರೆಯುತ್ತದೆ. ಇಬ್ಬರಿಗೆ ಒಬ್ಬ ಪೋರ್ಟರ್ ಸಾಕು. ಅವನಿಗೆ ಬೆಚ್ಚನೆಯ ಬಟ್ಟೆ, ಬೂಟು, ವಿಮೆ ಇದೆಯೇ ಎಂದು ಲುಕ್ಲಾದಲ್ಲೇ ನೋಡಿ. ಇಲ್ಲದಿದ್ದರೆ ಕೊಡಿಸಿಯೇ ಹೊರಡಿ.

ಇನ್ನು ಆ ಎರಡು ದಿನ. ಲುಕ್ಲಾದಲ್ಲಿ ಮೋಡ ಕವಿದರೆ ವಿಮಾನವಿಲ್ಲ. ನಾವು ಬೆಳಗ್ಗೆ ಐದಕ್ಕೆ ಚೀಲ ಕಟ್ಟಿ ಕೂತೆವು, ಹತ್ತಕ್ಕೆ ಬಿಚ್ಚಿದೆವು, ಮರುದಿನವೂ ಹಾಗೇ. ಕಾಠ್ಮಂಡುವಿನಿಂದ ಅದೇ ಸಂಜೆ ಬೆಂಗಳೂರಿಗೆ ಟಿಕೆಟ್ ಮಾಡಿದ್ದ ಗೆಳೆಯ ಫೋನು ಹಿಡಿದು ರನ್‌ವೇ ಬೇಲಿಯ ಉದ್ದಕ್ಕೆ ಓಡಾಡುತ್ತಲೇ ಇದ್ದ. ಮೂರನೇ ದಿನ ಆರೂವರೆಗೆ ಕಣಿವೆಯೊಳಗಿಂದ ಸದ್ದು ಕೇಳಿತು. ಲಾಡ್ಜಿನ ಅಜ್ಜಿ ಕಿಟಕಿಯಿಂದ ಆಕಾಶ ನೋಡದೆ, ಲೋಟ ತೊಳೆಯುತ್ತಲೇ ನಮ್ಮ ಬಿಲ್ ಬರೆಯಲು ಪುಸ್ತಕ ಎಳೆದುಕೊಂಡಳು.