ನೋಡದ ಶಾರ್ಕಿಗೆ ಹೆದರಿದವನ ಸಾಕ್ಷಿ

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: ಅರಣ್ಯಕಾಂಡ 13:25–33, ಜ್ಞಾನೋಕ್ತಿಗಳು 22:13, 2 ತಿಮೊಥೆಯ 1:7

  

ಒಂದು ಪ್ರಶ್ನೆ ಕೇಳ್ತೀನಿ, ನಗಬಾರದು. ಇಲ್ಲಿ ಯಾರಿಗೆ ಶಾರ್ಕ್ ಮೀನಿನ ಭಯ ಇದೆ? ಕೈ ಎತ್ರಿ. ನೋಡ್ರಿ, ಆರೇಳು ಕೈ ಬಂದವು. ಬೀದರಿನಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ನಮಗಿರೋದು ಮಾಂಜ್ರಾ ನದಿ, ಕಾರಂಜಾ ಡ್ಯಾಮು. ನಮ್ಮಲ್ಲಿ ಬಹಳ ಜನ ಜೀವಂತ ಶಾರ್ಕ್ ನೋಡೇ ಇಲ್ಲ. ಮತ್ತೆ ಈ ಭಯ ಎಲ್ಲಿಂದ ಬಂತು? ಸಿನಿಮಾದಿಂದ ಬಂತು.

ನಾನೂ ಕೈ ಎತ್ತಬೇಕಾದವನೇ. ಭಾಲ್ಕಿಯಲ್ಲಿ ಹುಡುಗನಾಗಿದ್ದಾಗ ಪಕ್ಕದ ಮನೆಯ ಟಿವಿಯಲ್ಲಿ ಹಿಂದಿಗೆ ಡಬ್ ಆದ ಒಂದು ಶಾರ್ಕ್ ಸಿನಿಮಾ ನೋಡಿದೆ. ಮರುದಿನದಿಂದ ನಮ್ಮ ಹೊಲದ ಬಾವಿಗೆ ಈಜೋಕೆ ಇಳಿಯೋದು ಬಿಟ್ಟೆ. ಬಾವಿಯಲ್ಲಿ ಶಾರ್ಕ್ ಇಲ್ಲ ಅಂತ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ!

ಇಂಥ ಸಿನಿಮಾಗಳಿಗೆಲ್ಲ ದಾರಿ ಹಾಕಿದ್ದು 1975ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಮಾಡಿದ ‘ಜಾಸ್’. ಅದಕ್ಕಾಗಿ ಒಂದು ಯಂತ್ರದ ಶಾರ್ಕ್ ಮಾಡಿಸಿದ್ದರು. ಸಮುದ್ರದ ಉಪ್ಪುನೀರಿಗೆ ಇಳಿದ ಮೇಲೆ ಅದು ಪದೇ ಪದೇ ಕೆಟ್ಟುಹೋಯಿತು. ಹಾಗಾಗಿ ಶಾರ್ಕನ್ನು ಕಡಿಮೆ ತೋರಿಸಿ, ಬರೀ ನೀರು ತೋರಿಸಿ, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರದ ಸಂಗೀತ ಹಾಕಿದರು. ಜನ ಇನ್ನೂ ಜಾಸ್ತಿ ಹೆದರಿದರು. ಗಮನಿಸಿರಿ, ಕಾಣದೇ ಇದ್ದದ್ದನ್ನು ನೋಡುವವರ ಮನಸ್ಸೇ ತುಂಬಿಸಿಕೊಂಡಿತು.

1. ಭಯ ತನ್ನ ಕಡೆಯಿಂದ ಸೇರಿಸುತ್ತದೆ

ಮೋಶೆ ಕಾನಾನ್ ದೇಶಕ್ಕೆ ಹನ್ನೆರಡು ಜನರನ್ನು ಕಳಿಸಿದ. ನಲವತ್ತು ದಿನ ತಿರುಗಿ ಬಂದರು. ಇಬ್ಬರು ಹೊತ್ತು ತರುವಷ್ಟು ದೊಡ್ಡ ದ್ರಾಕ್ಷಿಗೊಂಚಲು ತಂದರು. ಕೋಟೆ ಇದೆ, ಎತ್ತರದ ಜನ ಇದ್ದಾರೆ ಅಂದರು. ಅದು ಸುಳ್ಳಲ್ಲ. ಕಾಲೇಬನೂ ಅದನ್ನು ಇಲ್ಲ ಅನ್ನಲಿಲ್ಲ. ಆದರೆ ಹತ್ತು ಜನ ಇನ್ನೊಂದು ಮಾತು ಸೇರಿಸಿದರು: ನಾವು ಅವರ ಮುಂದೆ ಮಿಡತೆಗಳ ಹಾಗೆ, ಅವರ ಕಣ್ಣಿಗೂ ನಾವು ಹಾಗೇ ಕಂಡೆವು. ಪ್ರಿಯರೇ, ಅವರ ಕಣ್ಣಿಗೆ ಹೇಗೆ ಕಂಡೆವು ಅಂತ ಇವರಿಗೆ ಹೇಳಿದ್ದು ಯಾರು? ಯಾರೂ ಹೇಳಲಿಲ್ಲ. ಆ ದೃಶ್ಯ ಅವರೇ ಸೇರಿಸಿದ್ದು. ಆ ರಾತ್ರಿ ಇಡೀ ಜನಾಂಗ ಅತ್ತಿತು. ನಲವತ್ತು ವರ್ಷ ಅರಣ್ಯದಲ್ಲಿ ಕಳೆಯಿತು.

ನಿಮ್ಮ ಮನಸ್ಸಿನಲ್ಲೂ ಇಂಥ ದೃಶ್ಯ ಓಡುತ್ತಿಲ್ಲವಾ? ಇಂಟರ್‌ವ್ಯೂನಲ್ಲಿ ನಗ್ತಾರೆ, ಆಫೀಸಿನಲ್ಲಿ ಯೇಸುವಿನ ಹೆಸರು ಹೇಳಿದರೆ ದೂರ ಮಾಡ್ತಾರೆ ಅಂತ? ಆಗಿರೋದು ಎಷ್ಟು, ನೀವು ಸೇರಿಸಿದ್ದು ಎಷ್ಟು?

2. ನಿಜವಾದ ಅಪಾಯಕ್ಕೆ ಸ್ವಸ್ಥಬುದ್ಧಿ ಬೇಕು

ಇಡೀ ಲೋಕದಲ್ಲಿ ತಾನಾಗಿ ಮೈಮೇಲೆ ಬಂದ ಶಾರ್ಕಿನಿಂದ ವರ್ಷಕ್ಕೆ ಸಾಯುವವರು ಸರಾಸರಿ ಐದಾರು ಜನ. ಮನುಷ್ಯರು ಕೊಲ್ಲುವ ಶಾರ್ಕ್‌ಗಳು ವರ್ಷಕ್ಕೆ ಸುಮಾರು 10 ಕೋಟಿ. ಯಾರು ಯಾರಿಗೆ ಹೆದರಬೇಕು ಹೇಳ್ರಿ! ‘ಜಾಸ್’ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಕೂಡ ಮುಂದೆ ಶಾರ್ಕ್‌ಗಳನ್ನು ಉಳಿಸುವ ಕೆಲಸಕ್ಕೇ ನಿಂತರು. ಸಮುದ್ರದ ದೊಡ್ಡ ಪ್ರಾಣಿಗಳನ್ನು ಉಂಟುಮಾಡಿ ಒಳ್ಳೆಯದೆಂದು ಕಂಡವನು ದೇವರೇ, ಆದಿಕಾಂಡ 1:21.

ಆದರೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 58,000 ಅಂತ ಲೆಕ್ಕ ಹಾಕಿದ್ದಾರೆ. 2024ರಲ್ಲಿ ಕರ್ನಾಟಕ ಸರ್ಕಾರ, ಹಾವು ಕಚ್ಚಿದ ಪ್ರತಿ ಪ್ರಕರಣವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶಿಸಿತು. ಔರಾದ್ ಕಡೆ ತೊಗರಿ ಹೊಲಕ್ಕೆ ರಾತ್ರಿ ನೀರು ಬಿಡೋಕೆ ಹೋಗುವವರು ನಿಮ್ಮ ಮನೆಯಲ್ಲೇ ಇರಬಹುದು. ಕಾಲಿಗೆ ಬೂಟು, ಕೈಗೆ ಬ್ಯಾಟರಿ ಕೊಡಿಸ್ರಿ. ಕಚ್ಚಿದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗ್ರಿ, ಪ್ರಾರ್ಥನೆ ಗಾಡಿಯಲ್ಲೇ ಮಾಡ್ರಿ. ಈಜು ಬರದೆ ಡ್ಯಾಮಿಗೆ ಹಾರೋದು ನಂಬಿಕೆ ಅಲ್ಲ, ಅದು ದೇವರನ್ನು ಪರೀಕ್ಷಿಸೋದು. ಪೌಲನು ತಿಮೊಥೆಯನಿಗೆ ಬರೆದದ್ದೂ ಇದೇ: ದೇವರು ಕೊಟ್ಟ ಆತ್ಮ ಹೇಡಿತನದ್ದಲ್ಲ, ಅದರಲ್ಲಿ ಬಲ, ಪ್ರೀತಿ ಇವೆ, ಜೊತೆಗೆ ಸ್ವಸ್ಥಬುದ್ಧಿಯೂ ಇದೆ.

3. ಭಯದ ಹಿಂದೆ ಏನು ಅಡಗಿದೆ?

ಈಗ ನನ್ನ ಸಾಕ್ಷಿ ಪೂರ್ತಿ ಹೇಳ್ತೀನಿ. ರಕ್ಷಣೆ ಹೊಂದಿದ ಮೇಲೂ ನಾನು ಎರಡು ವರ್ಷ ದೀಕ್ಷಾಸ್ನಾನ ತಗೊಳ್ಳಲಿಲ್ಲ. ಪಾಸ್ಟರ್ ಕೇಳಿದಾಗೆಲ್ಲ, “ಅಯ್ಯಾ, ನನಗೆ ನೀರಿನ ಭಯ ಇದೆ, ಚಿಕ್ಕಂದಿನಿಂದ” ಅಂತಿದ್ದೆ. ಎಲ್ಲರೂ ಪಾಪ ಅಂದರು.

ಒಂದು ದಿನ ಜ್ಞಾನೋಕ್ತಿಗಳು 22:13 ಓದಿದೆ. ಸೋಮಾರಿಯು ಹೊರಗೆ ಸಿಂಹ ಇದೆ ಅಂತಾನೆ. ಬೀದಿಯಲ್ಲಿ ಸಿಂಹ ಇಲ್ಲ, ಅವನಿಗೆ ಹೊರಗೆ ಹೋಗೋ ಮನಸ್ಸಿಲ್ಲ! ಪವಿತ್ರಾತ್ಮನು ಅಲ್ಲೇ ನನ್ನನ್ನು ಹಿಡಿದ. ಔರಾದಿನಲ್ಲಿದ್ದ ನಮ್ಮಣ್ಣನ ಜೊತೆ ಹೊಲದ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದೆ. ದೀಕ್ಷಾಸ್ನಾನ ಅಂದರೆ ಮೊದಲು ಅಣ್ಣನ ಹತ್ತಿರ ಹೋಗಬೇಕು, ಮತ್ತಾಯ 5:23–24. ನನಗೆ ಬೇಡವಾಗಿದ್ದು ಅದು. ಶಾರ್ಕಿನ ಭಯ ನಿಜವೇ ಇತ್ತು, ಆದರೆ ನಾನು ಅದನ್ನು ಮುಂದೆ ನಿಲ್ಲಿಸಿ ಹಿಂದೆ ಅಡಗಿದ್ದೆ.

ಔರಾದಿಗೆ ಬಸ್ಸು ಹತ್ತಿದೆ. ಬಾಗಿಲಲ್ಲಿ ನಿಂತು, “ಅಣ್ಣಾ, ತಪ್ಪಾಯ್ತು” ಅಂದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೊದಲು ಉಣ್ಣು ಬಾ” ಅಂದ. ಹೊಲದ ಲೆಕ್ಕ ಅವತ್ತು ಮುಗಿಯಲಿಲ್ಲ, ಮಾತು ಶುರುವಾಯಿತು. ಎರಡು ವಾರಕ್ಕೆ ಕಾರಂಜಾ ನೀರಿನಲ್ಲಿ ನಿಂತೆ. ಕಾಲು ನಡುಗುತ್ತಿದ್ದವು, ಅದು ಸುಳ್ಳು ಹೇಳಲ್ಲ. ಪಾಸ್ಟರ್ ಬೆನ್ನಿಗೆ ಕೈ ಕೊಟ್ಟರು, ಮುಳುಗಿದೆ, ಎದ್ದೆ. ದಡದಲ್ಲಿ ಟವೆಲ್ ಹಿಡಿದು ನಿಂತಿದ್ದವನು ನಮ್ಮಣ್ಣ. ಹಲ್ಲೆಲೂಯಾ!

ಈ ವಾರ ಮಾಡಬೇಕಾದದ್ದು

ಒಂದು ಹಾಳೆಯಲ್ಲಿ ನಿಮ್ಮ ಒಂದು ಭಯ ಬರೀರಿ. ಅದರಲ್ಲಿ ಆಗಿರುವುದು ಯಾವುದು, ನೀವು ಸೇರಿಸಿದ್ದು ಯಾವುದು, ಬೇರೆ ಬೇರೆ ಬರೀರಿ. ಆ ಭಯದ ನೆಪದಲ್ಲಿ ಯಾವ ವಿಧೇಯತೆಯನ್ನು ಮುಂದಕ್ಕೆ ಹಾಕ್ತಾ ಇದ್ದೀರಿ ಅಂತ ಕರ್ತನನ್ನು ಕೇಳ್ರಿ. ರಾತ್ರಿ ನಿದ್ದೆ ಬರುತ್ತಿಲ್ಲ, ಎದೆ ಹೊಡ್ಕೊಳ್ಳುತ್ತೆ ಅನ್ನುವವರು ಒಬ್ಬರೇ ಇರಬೇಡ್ರಿ. ನಮಗೆ ಹೇಳ್ರಿ, ಡಾಕ್ಟರಿಗೂ ತೋರಿಸ್ರಿ, ಅದರಲ್ಲಿ ನಾಚಿಕೆ ಇಲ್ಲ. ಮಲಗೋ ಮುಂಚೆ ಫೋನಿನಲ್ಲಿ ಏನು ನೋಡ್ತೀರಿ ಅನ್ನೋದನ್ನೂ ಪರೀಕ್ಷಿಸಿಕೊಳ್ರಿ.

ಪ್ರಾರ್ಥಿಸೋಣ. ಕರ್ತನೇ, ಬಿರುಗಾಳಿಯಲ್ಲಿ ಶಿಷ್ಯರ ದೋಣಿಯಲ್ಲೇ ಇದ್ದವನು ನೀನು. ಈ ಮಕ್ಕಳ ಜೊತೆಗೂ ಇರು. ಹೋಗಬೇಕಾದ ಬಾಗಿಲಿಗೆ ಅವರನ್ನು ನಡೆಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.